ಚರಿತ್ರೆಯ ಪ್ರೇಮಕಥೆಗೆ ದೇವರು ಬಂದದ್ದು ಹೇಗೆ, ಜಗಳ ಬಂದದ್ದು ಹೇಗೆ

2021ರ ಆಗಸ್ಟ್ ಮೊದಲ ವಾರ ‘ರೊಮಾನ್ಸ್ ರೈಟರ್ಸ್ ಆಫ್ ಅಮೆರಿಕ’ ಅನ್ನುವ ಬರಹಗಾರರ ಸಂಘ ತಾನೇ ಕೊಟ್ಟ ಪ್ರಶಸ್ತಿಯೊಂದನ್ನು ವಾಪಸ್ ಪಡೆಯಿತು. ಕೊಟ್ಟು ಒಂದು ವಾರವೂ ಆಗಿರಲಿಲ್ಲ. ಧಾರ್ಮಿಕ ಪ್ರೇಮಕಥೆಗಳ ವಿಭಾಗದಲ್ಲಿ ಗೆದ್ದ ಕಾದಂಬರಿ ಅದು. ನಾಯಕ ಅಶ್ವದಳದ ಕ್ಯಾಪ್ಟನ್. ಕಥೆ ಶುರುವಾಗುವುದು 1890ರ ಡಿಸೆಂಬರ್ 29ರ ವೂಂಡೆಡ್ ನೀಯಲ್ಲಿ. ಅಮೆರಿಕದ ಸೈನಿಕರು ಅಲ್ಲಿ ಲಕೋಟ ಅನ್ನುವ ಮೂಲನಿವಾಸಿ ಜನರನ್ನು, ಹೆಂಗಸರು ಮಕ್ಕಳು ಅನ್ನದೆ, ಗುಂಡಿಟ್ಟು ಕೊಂದರು. ಸತ್ತವರು ಕನಿಷ್ಠ 150, ಕೆಲವರ ಲೆಕ್ಕದಲ್ಲಿ 300. ಅದರಲ್ಲಿ ಪಾಲ್ಗೊಂಡ ನಾಯಕ ಪಶ್ಚಾತ್ತಾಪಪಟ್ಟು ಸೇನೆ ಬಿಡುತ್ತಾನೆ. ಮುಂದೆ ಅವನಿಗೆ ಪ್ರೀತಿ ಸಿಗುತ್ತದೆ, ದೇವರ ಕ್ಷಮೆಯೂ ಸಿಗುತ್ತದೆ.

ಸಂಘ ಮೊದಲು ಆಯ್ಕೆಯನ್ನು ಸಮರ್ಥಿಸಿಕೊಂಡಿತು, ಟೀಕೆ ಜೋರಾದ ಮೇಲೆ ಪ್ರಶಸ್ತಿ ರದ್ದು ಮಾಡಿತು. ಎರಡೂ ಕಡೆಯವರಿಗೂ ಸಿಟ್ಟು ಬಂತು. ದೇವರನ್ನು ನಂಬಿ ಬರೆಯುವವರಿಗೆ ಇನ್ನು ಜಾಗವಿಲ್ಲ ಅಂತ ಒಂದು ಗುಂಪು, ಈ ಬಗೆಯ ಕಾದಂಬರಿಗಳೇ ಚರಿತ್ರೆಗೆ ಸುಣ್ಣ ಬಳಿಯಲು ಹುಟ್ಟಿದ್ದು ಅಂತ ಇನ್ನೊಂದು ಗುಂಪು. ಆ ಜಗಳದ ಬಗ್ಗೆ ಈಗ ಓದಲು ಕೂತರೆ ಯಾರು ಯಾವ ಪುಸ್ತಕದ ಬಗ್ಗೆ ಮಾತಾಡುತ್ತಿದ್ದಾರೆ ಅಂತಲೇ ಗೊತ್ತಾಗುವುದಿಲ್ಲ, ಯಾಕೆಂದರೆ ಜಗಳ ಒಂದು ಪುಸ್ತಕದ್ದಲ್ಲ, ಇಂಥ ಕಾದಂಬರಿಗಳನ್ನು ಕಟ್ಟುವ ರೀತಿಯದು. ಅದು ಅರ್ಥವಾಗಬೇಕಾದರೆ ನಲವತ್ತು ವರ್ಷ ಹಿಂದೆ ಹೋಗಬೇಕು.

ಅಮೆರಿಕದಲ್ಲಿ ‘ಇನ್‌ಸ್ಪಿರೇಷನಲ್ ರೊಮಾನ್ಸ್’ ಅಂದರೆ ಕ್ರೈಸ್ತ ನಂಬಿಕೆಯ ಸುತ್ತ ಹೆಣೆದ ಪ್ರೇಮಕಥೆ. ಹಾಸಿಗೆಯ ದೃಶ್ಯ ಇರುವುದಿಲ್ಲ, ಬೈಗುಳ ಇರುವುದಿಲ್ಲ, ಕೊನೆಗೆ ಮದುವೆ ಇದ್ದೇ ಇರುತ್ತದೆ. 20ನೇ ಶತಮಾನದ ಮೊದಲರ್ಧವನ್ನು ಒಂದೇ ಸಾಲಿನಲ್ಲಿ ಮುಗಿಸಬಹುದು: ಗ್ರೇಸ್ ಲಿವಿಂಗ್‌ಸ್ಟನ್ ಹಿಲ್ ಅನ್ನುವ ಲೇಖಕಿ 1947ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಇಂಥ 100ಕ್ಕೂ ಹೆಚ್ಚು ಪುಸ್ತಕ ಬರೆದಿದ್ದರು. ಆದರೆ ಈಗ ನಾವು ನೋಡುವ ಮಾರುಕಟ್ಟೆ ಹುಟ್ಟಿದ್ದು 1979ರಲ್ಲಿ. ಕೆನಡಾದ ಜಾನೆಟ್ ಓಕ್ ಬರೆದ ಮೊದಲ ಕಾದಂಬರಿಯನ್ನು ಮಿನೆಸೋಟ ರಾಜ್ಯದ ಬೆಥನಿ ಹೌಸ್ ಪ್ರಕಟಿಸಿತು. ಪಶ್ಚಿಮಕ್ಕೆ ವಲಸೆ ಹೊರಟ ಬಸುರಿ ಹೆಂಗಸು ದಾರಿಯಲ್ಲೇ ಗಂಡನನ್ನು ಕಳೆದುಕೊಳ್ಳುತ್ತಾಳೆ. ಚಿಕ್ಕ ಮಗಳಿರುವ ವಿಧುರನೊಬ್ಬ ಬರೀ ಹೆಸರಿಗೆ ಮದುವೆಯಾಗೋಣ, ಮಗುವನ್ನು ನೋಡಿಕೋ, ವಸಂತ ಬಂದ ಮೇಲೆ ಬೇಕಿದ್ದರೆ ಊರಿಗೆ ಹೋಗಲು ಖರ್ಚು ಕೊಡುತ್ತೇನೆ ಅನ್ನುತ್ತಾನೆ. ಅವಳು ಹೋಗುವುದಿಲ್ಲ, ಅದು ನಿಮಗೂ ಗೊತ್ತು. ಕ್ರೈಸ್ತ ಪುಸ್ತಕದಂಗಡಿಗಳಲ್ಲಿ ಕಾದಂಬರಿ ಮಾರಾಟವಾಗುತ್ತದೆ ಅಂತ ಯಾರೂ ಅಷ್ಟಾಗಿ ನಂಬಿರದ ಕಾಲ ಅದು. ಇದು ಮಾರಾಟವಾಯಿತು, ಸರಣಿಯೂ ಆಯಿತು. ಹಸ್ತಪ್ರತಿಯನ್ನು ಒಪ್ಪಿಕೊಂಡ ಸಂಪಾದಕಿ ಕ್ಯಾರಲ್ ಜಾನ್ಸನ್ ಹೆಸರಿನಲ್ಲಿ ಇವತ್ತಿಗೂ ಅಮೆರಿಕದ ಕ್ರೈಸ್ತ ಕಾದಂಬರಿಕಾರರ ಸಂಘ ಪ್ರಶಸ್ತಿ ಕೊಡುತ್ತದೆ.

80ರ ದಶಕದಲ್ಲಿ ದೊಡ್ಡ ಪ್ರಕಾಶಕರು ಕೈ ಹಾಕಿದರು, ಕೆಲವರು ಕೈ ಸುಟ್ಟುಕೊಂಡರು. 1997ರಲ್ಲಿ ಹಾರ್ಲೆಕ್ವಿನ್ ‘ಲವ್ ಇನ್‌ಸ್ಪೈರ್ಡ್’ ಮಾಲಿಕೆ ತಂದಿತು. ಹಾರ್ಲೆಕ್ವಿನ್ ಅಂದರೆ ನಮ್ಮ ಬಾಡಿಗೆ ಲೈಬ್ರರಿಗಳಲ್ಲಿ ಕೈಯಿಂದ ಕೈಗೆ ಓಡಾಡಿದ ಮಿಲ್ಸ್ ಆಂಡ್ ಬೂನ್‌ನ ಮಾಲೀಕ ಸಂಸ್ಥೆ. ಅದೇ ವರ್ಷ ಫ್ರಾನ್ಸೀನ್ ರಿವರ್ಸ್ ಅವರ ಕಾದಂಬರಿಯೊಂದು ಎರಡನೇ ಜನ್ಮ ಪಡೆಯಿತು. ಅವರು ಮೊದಲು ಸಾಮಾನ್ಯ ರೊಮಾನ್ಸ್ ಬರೆಯುತ್ತಿದ್ದವರು, 1986ರಲ್ಲಿ ನಂಬಿಕೆಯ ಕಡೆ ತಿರುಗಿದರು, ಬೈಬಲ್‌ನ ಪ್ರವಾದಿ ಹೋಶೇಯ ದಾರಿ ತಪ್ಪಿದ ಹೆಂಡತಿಯನ್ನು ಮತ್ತೆ ಮನೆಗೆ ಕರೆತರುವ ಕಥೆಯನ್ನು ಕ್ಯಾಲಿಫೋರ್ನಿಯಾದಲ್ಲಿ ಚಿನ್ನಕ್ಕಾಗಿ ಜನ ಮುಗಿಬಿದ್ದ ಕಾಲಕ್ಕೆ ತಂದು 1991ರಲ್ಲಿ ಪ್ರಕಟಿಸಿದರು. ಅದನ್ನೇ ತಿದ್ದಿ 1997ರಲ್ಲಿ ಕ್ರೈಸ್ತ ಪ್ರಕಾಶಕರೊಬ್ಬರ ಮೂಲಕ ಮತ್ತೆ ತಂದಾಗ ಲಕ್ಷಗಟ್ಟಲೆ ಪ್ರತಿ ಹೋದವು. ಬೈಬಲ್ ಕಥೆಯ ಅಸ್ಥಿಪಂಜರಕ್ಕೆ 19ನೇ ಶತಮಾನದ ಬಟ್ಟೆ ತೊಡಿಸುವುದು ಆಮೇಲೆ ಒಂದು ರೂಢಿಯೇ ಆಯಿತು. 2008ರಲ್ಲಿ ಹಾರ್ಲೆಕ್ವಿನ್ ಚರಿತ್ರೆಯ ಕಥೆಗಳಿಗೇ ಪ್ರತ್ಯೇಕ ಮಾಲಿಕೆ ಶುರು ಮಾಡಿತು. ಹತ್ತು ವರ್ಷ ನಡೆಸಿ 2018ರಲ್ಲಿ ನಿಲ್ಲಿಸಿತು.

ಈ ವರ್ಷಗಳಲ್ಲಿ ಬರೆಯುವ ಕೆಲಸ ಹೇಗೆ ನಡೆಯುತ್ತಿತ್ತು ಅನ್ನುವುದು ನನಗೆ ಪ್ರಶಸ್ತಿ, ಮಾರಾಟಕ್ಕಿಂತ ಹೆಚ್ಚು ಕುತೂಹಲದ ಸಂಗತಿ.

ಇಂಥ ಕಾದಂಬರಿಗೆ ಮೂರು ಎಳೆ ಬೇಕು. ಅವಳದೊಂದು, ಅವನದೊಂದು, ನಂಬಿಕೆಯದೊಂದು. ಮೂರನೆಯದನ್ನು ಎಳೆದು ತೆಗೆದರೂ ಕಥೆ ನಿಂತಿದೆ ಅಂದರೆ ಸಂಪಾದಕರು ಹಸ್ತಪ್ರತಿ ವಾಪಸ್ ಕಳಿಸುತ್ತಾರೆ, ಸುಮ್ನೆ ಅಲ್ಲಲ್ಲಿ ಪ್ರಾರ್ಥನೆ ಸೇರಿಸಿದರೆ ಸಾಲದು ಅಂತ. ಹಾಗಾಗಿ ಎಷ್ಟೋ ಲೇಖಕಿಯರು ಶುರು ಮಾಡುವುದು ಪಾತ್ರದಿಂದಲೂ ಅಲ್ಲ, ಇಸವಿಯಿಂದಲೂ ಅಲ್ಲ, ಒಂದು ಪ್ರಶ್ನೆಯಿಂದ. ತನ್ನನ್ನು ತಾನೇ ಕ್ಷಮಿಸಿಕೊಳ್ಳಲಾಗದವನು ದೇವರ ಕ್ಷಮೆಯನ್ನು ಒಪ್ಪಿಕೊಳ್ಳುವುದು ಹೇಗೆ? ಎಲ್ಲ ಕಳೆದುಕೊಂಡವಳು ಯಾರನ್ನು ನಂಬಬೇಕು? ಪ್ರಶ್ನೆ ಸಿಕ್ಕ ಮೇಲೆ ಅದರ ಭಾರ ಹೊರುವ ಕಾಲವನ್ನು ಹುಡುಕುತ್ತಾರೆ. ಈ ಅನುಕ್ರಮವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹುಡುಕಾಟ ಹೆಚ್ಚಿನ ಸಲ 19ನೇ ಶತಮಾನದ ಹುಲ್ಲುಗಾವಲಿನಲ್ಲೇ ನಿಲ್ಲುತ್ತಿತ್ತು. ಅನುಕೂಲಗಳು ಹಾಗಿವೆ. ಊಟಕ್ಕೆ ಮುಂಚೆ ಕೈಮುಗಿದರೆ ಅಲ್ಲಿ ಯಾರಿಗೂ ಆಶ್ಚರ್ಯವಿಲ್ಲ. ಮದುವೆಗೆ ಮುಂಚೆ ಇಬ್ಬರೂ ದೂರ ಇರುವುದಕ್ಕೆ ಕಾರಣ ಕೊಡಬೇಕಿಲ್ಲ, ಊರೇ ಕಾವಲು ಕಾಯುತ್ತದೆ. ಪತ್ರ ಬರಲು ವಾರಗಟ್ಟಲೆ ಬೇಕು, ಆದ್ದರಿಂದ ತಪ್ಪು ತಿಳಿವಳಿಕೆ ಅಧ್ಯಾಯಗಟ್ಟಲೆ ಉಳಿಯುತ್ತದೆ. ಮೊಬೈಲ್ ಇದ್ದಿದ್ದರೆ ಈ ಕಾದಂಬರಿಗಳಲ್ಲಿ ಅರ್ಧ ಮೂವತ್ತನೇ ಪುಟಕ್ಕೇ ಮುಗಿಯುತ್ತಿದ್ದವು.

ಇನ್ನು ಅಪರಿಚಿತರಿಬ್ಬರನ್ನು ಒಂದೇ ಸೂರಿನಡಿ ತರುವುದು. ಅದಕ್ಕೆ ಕಾನೂನೇ ನೆರವಾಗುತ್ತಿತ್ತು. 1850ರ ಒರೆಗಾನ್ ಭೂಕಾಯ್ದೆ ಒಂಟಿ ಗಂಡಸಿಗೆ 320 ಎಕರೆ ಕೊಡುತ್ತಿತ್ತು. ಮದುವೆಯಾಗಿದ್ದರೆ 640, ಅದರಲ್ಲಿ ಅರ್ಧ ಹೆಂಡತಿಯ ಸ್ವಂತ ಹೆಸರಿಗೆ. ಒಂಟಿಯಾಗಿದ್ದವರಿಗೆ ಮದುವೆಯಾಗಲು 1851ರ ಡಿಸೆಂಬರ್ 1ರವರೆಗೆ ಗಡುವು. ಹುಡುಗಿ ಹುಡುಕುವ ಓಟವೇ ಶುರುವಾಯಿತು. ತೀರಾ ಎಳೆಯ ಹುಡುಗಿಯರಿಗೂ ಮದುವೆ ಮಾಡಿದರು. ಕಾದಂಬರಿಯ ನಾಯಕಿಗೆ ಮಾತ್ರ ಯಾವಾಗಲೂ ಇಪ್ಪತ್ತು ದಾಟಿರುತ್ತದೆ, ಗಮನಿಸಿದ್ದೀರಾ? 1862ರ ಹೋಮ್‌ಸ್ಟೆಡ್ ಕಾಯ್ದೆಯದು ಇನ್ನೊಂದು ಅನುಕೂಲ. ಐದು ವರ್ಷ ಇದ್ದು ಉಳುಮೆ ಮಾಡಿದರೆ 160 ಎಕರೆ, 21 ತುಂಬಿದ ಒಂಟಿ ಹೆಂಗಸೂ ಅರ್ಜಿ ಹಾಕಬಹುದು. ಪಕ್ಕದ ಜಮೀನಿನವನ ಜೊತೆ ಬಾವಿ ನೀರಿಗೆ ಜಗಳ ಇಟ್ಟರೆ ಕಥೆ ಅರ್ಧ ತಯಾರು.

ಗುರುತು ಪರಿಚಯವಿಲ್ಲದ ಮದುವೆ ಅಮೆರಿಕಕ್ಕೆ ಮಾತ್ರ ಸೇರಿದ್ದಲ್ಲ. ನಮ್ಮ ಮಂಗಳೂರಿನ ಬಾಸೆಲ್ ಮಿಷನ್‌ನವರು ಮದುವೆಯಾಗಬೇಕಾದರೆ ಬಾಸೆಲ್‌ನ ಸಮಿತಿಯ ಅಪ್ಪಣೆ ಬೇಕಿತ್ತು, ಎಷ್ಟೋ ವಧುಗಳು ಮುಖ ನೋಡದ ವರನಿಗಾಗಿ ಹಡಗು ಹತ್ತಿ ಬಂದರು. 1843ರಲ್ಲಿ ‘ಮಂಗಳೂರು ಸಮಾಚಾರ’ ಶುರು ಮಾಡಿದ ಹರ್ಮನ್ ಮೊಗ್ಲಿಂಗ್ ತಡವಾಗಿ ಮದುವೆಯಾದದ್ದು ತೀರಿಹೋದ ಸಹೋದ್ಯೋಗಿ ವೈಗಲ್ ಅವರ ವಿಧವೆ ಪೌಲೀನ್ ಅವರನ್ನು. ಇಬ್ಬರೂ ಕೊಡಗಿನಲ್ಲಿದ್ದರು, ಆಕೆಯ ಆರೋಗ್ಯ ಕೆಟ್ಟು 1860ರಲ್ಲಿ ಯುರೋಪಿಗೆ ವಾಪಸ್ ಹೋದರು. ಕನ್ನಡದಲ್ಲಿ ಯಾರಾದರೂ ಈ ಬಗೆಯ ಕಾದಂಬರಿ ಬರೆಯುವುದಾದರೆ ಸಾಮಗ್ರಿ ಇಲ್ಲೇ ಬಿದ್ದಿದೆ.

ವಾಪಸ್ ಅಮೆರಿಕಕ್ಕೆ ಬರೋಣ. ಲೇಖಕಿಯರು ಹೆಚ್ಚು ತಲೆ ಕೆಡಿಸಿಕೊಳ್ಳುವುದು ನಂಬಿಕೆಯ ತಿರುವಿನ ಬಗ್ಗೆ. ನಂಬದವರ ಜೊತೆ ನೊಗ ಹೂಡಬೇಡ ಅಂತ ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿ ಪೌಲ ಹೇಳಿದ್ದಾನೆ. ಅಂದರೆ ನಾಯಕ ನಾಸ್ತಿಕನಾಗಿದ್ದರೆ ಮದುವೆಗೆ ಮುಂಚೆ ಬದಲಾಗಲೇಬೇಕು. ಆದರೆ ಹುಡುಗಿ ಸಿಗಲಿ ಅಂತ ಬದಲಾದ ಅಂತ ಓದುಗರಿಗೆ ಅನ್ನಿಸಿದರೆ ಮುಗಿಯಿತು. ಹಾಗಾಗಿ ನುರಿತವರು ಆ ದೃಶ್ಯದಲ್ಲಿ ಅವಳನ್ನು ದೂರ ಇಡುತ್ತಾರೆ: ಹಿಮಗಾಳಿಯಲ್ಲಿ ಸಿಕ್ಕಿಬಿದ್ದು ಒಬ್ಬನೇ ಕೂತಿರುತ್ತಾನೆ, ಅಥವಾ ಅವಳು ಬೇಡವೆಂದು ಹೊರಟೇ ಹೋಗಿರುತ್ತಾಳೆ. ಅವಳಿಗೆ ಅದು ಗೊತ್ತಾಗುವುದು ಆಮೇಲೆ, ಅದೂ ಬೇರೆಯವರ ಬಾಯಿಂದ. ಉಪದೇಶ ಜಾಸ್ತಿಯಾದರೆ ಪಾದ್ರಿಯ ಭಾಷಣ ಅನ್ನುತ್ತಾರೆ, ಕಡಿಮೆಯಾದರೆ ಇದರಲ್ಲಿ ದೇವರೆಲ್ಲಿ ಅನ್ನುತ್ತಾರೆ.

ಸಂಶೋಧನೆಯಲ್ಲಿ ಇವರ ಶಿಸ್ತನ್ನು ಮೆಚ್ಚಲೇಬೇಕು. ಅಂಚೆಯಲ್ಲಿ ಸಾಮಾನು ಮಾರುತ್ತಿದ್ದ ಸಿಯರ್ಸ್ ಕಂಪನಿಯ ಹಳೇ ಕ್ಯಾಟಲಾಗ್‌ನ ಮರುಮುದ್ರಣ ಮೇಜಿನ ಮೇಲೆ ಇಟ್ಟುಕೊಂಡು ಒಲೆ, ಟೋಪಿ, ಹೊಲಿಗೆ ಯಂತ್ರದ ಬೆಲೆ ನೋಡುತ್ತಾರೆ. ಲೈಬ್ರರಿ ಆಫ್ ಕಾಂಗ್ರೆಸ್ 2007ರಲ್ಲಿ ಹಳೇ ಪತ್ರಿಕೆಗಳನ್ನು ಆನ್‌ಲೈನಿಗೆ ತಂದ ಮೇಲೆ ಸಣ್ಣ ಊರಿನ ಚರ್ಚ್ ಊಟ, ಬಿರುಗಾಳಿ, ಕಳುವಾದ ಕುದುರೆಯ ಸುದ್ದಿಗಳೆಲ್ಲ ಮನೆಯಲ್ಲೇ ಸಿಗುತ್ತಿವೆ. ಮಾತಿಗೂ ಲೆಕ್ಕವಿದೆ. ಜಿಪ್ಪರ್ ಅನ್ನುವ ಹೆಸರು ಬಂದದ್ದು 1920ರ ದಶಕದಲ್ಲಿ, ಅದನ್ನು 1870ರ ಉಡುಪಿಗೆ ಹಾಕಿದರೆ ಓದುಗರು ಬಿಡುವುದಿಲ್ಲ.

ತೂತು ಇರುವುದೂ ಇಲ್ಲೇ. ಅಂಗಿಯ ಗುಂಡಿ ಯಾವ ವರ್ಷದ್ದು ಅಂತ ಮೂರು ಕಡೆ ಪರೀಕ್ಷಿಸುವ ಪದ್ಧತಿ, ಜಮೀನು ಯಾರದು ಅಂತ ಬಹಳ ವರ್ಷ ಕೇಳಲಿಲ್ಲ. ಒರೆಗಾನಿನಲ್ಲಿ ಕಾಯ್ದೆ ಹಂಚಿದ ಎಕರೆಗಳಿಗೆ ಅಲ್ಲಿನ ಮೂಲನಿವಾಸಿಗಳ ಜೊತೆ ಒಪ್ಪಂದವೇ ಇನ್ನೂ ಊರ್ಜಿತವಾಗಿರಲಿಲ್ಲ. ಕಪ್ಪು ಜನರಿಗೆ ಆ ಜಮೀನು ಸಿಗುತ್ತಿರಲಿಲ್ಲ. ಹೋಮ್‌ಸ್ಟೆಡ್ ಕಾಯ್ದೆಗೆ ಸಹಿ ಬಿದ್ದ 1862ರಲ್ಲೇ, ಡಿಸೆಂಬರ್ 26ರಂದು, ಮಿನೆಸೋಟದ ಮಂಕೇಟೊದಲ್ಲಿ ಡಕೋಟ ಮೂಲನಿವಾಸಿಗಳ 38 ಗಂಡಸರನ್ನು ಒಟ್ಟಿಗೆ ನೇಣಿಗೆ ಹಾಕಲಾಯಿತು. ಇದು ಯಾರೋ ಒಬ್ಬರು ಬೇಕಂತ ಮುಚ್ಚಿಟ್ಟದ್ದಲ್ಲ. ಪ್ರಶ್ನೆ ಮೊದಲು, ಕಾಲ ಆಮೇಲೆ ಅನ್ನುವ ಅನುಕ್ರಮದಲ್ಲಿ ಚರಿತ್ರೆ ನಾಟಕದ ಪರದೆಯ ಹಾಗೆ ಹಿಂದೆ ನಿಲ್ಲುತ್ತದೆ. ಪರದೆಯಲ್ಲಿ ಬರೆದ ಜನ ಮಾತಾಡುವುದಿಲ್ಲ. ಸಂಪಾದಕರು, ಅಂಗಡಿಯವರು, ಓದುಗರು ಎಲ್ಲರೂ ಅದಕ್ಕೆ ಒಗ್ಗಿಹೋಗಿದ್ದರು.

ಆ ಪರದೆ ಮೊದಲ ಸಲ ಜೋರಾಗಿ ಹರಿದದ್ದು 2015ರಲ್ಲಿ. ಬೈಬಲ್‌ನ ಎಸ್ತೇರಳ (ರಾಜನ ಹೆಂಡತಿಯಾಗಿ ತನ್ನ ಯಹೂದಿ ಜನರನ್ನು ಉಳಿಸಿದವಳು) ಕಥೆಯನ್ನು 1944ರ ನಾಜಿ ಶಿಬಿರಕ್ಕೆ ತಂದ ಕಾದಂಬರಿಯೊಂದು ರೊಮಾನ್ಸ್ ರೈಟರ್ಸ್ ಸಂಘದ ರೀಟಾ ಪ್ರಶಸ್ತಿಯ ಅಂತಿಮ ಪಟ್ಟಿಗೆ, ಅದೂ ಎರಡು ವಿಭಾಗಗಳಲ್ಲಿ, ಬಂದಿತ್ತು. ಯಹೂದಿ ಹುಡುಗಿಗೂ ಟೆರೆಜಿನ್‌ಸ್ಟಾಟ್ ಶಿಬಿರದಲ್ಲಿದ್ದ, ಹಿಟ್ಲರನ ಎಸ್‌ಎಸ್ ಪಡೆಯ ಅಧಿಕಾರಿಗೂ ಪ್ರೀತಿ. ಅನುಕ್ರಮ ಅದೇ: ಬೈಬಲ್ ಕಥೆ ಮೊದಲು, ಅದಕ್ಕೆ ಹೊಂದುವ ಕಾಲ ಆಮೇಲೆ. ಕಾಗದದ ಮೇಲೆ ಹೊಂದುತ್ತದೆ ಕೂಡ. ಆದರೆ ಆ ಶಿಬಿರದಿಂದ ರೈಲು ಹೋಗುತ್ತಿದ್ದದ್ದು ಜನರನ್ನು ಸಾಮೂಹಿಕವಾಗಿ ಕೊಲ್ಲುತ್ತಿದ್ದ ಆಶ್ವಿಟ್ಜ್‌ಗೆ. ಯಹೂದಿ ಓದುಗರ ಆಕ್ಷೇಪಕ್ಕೆ ಆಗ ಬಂದ ಉತ್ತರಗಳು ಒಂದೊಂದು ದಿಕ್ಕಿಗೆ. ಕ್ಷಮೆಗೆ ಮಿತಿ ಇಲ್ಲ ಅಂತ ಕೆಲವರು, ಇದು ಬರೀ ಕಥೆ ಅಂತ ಇನ್ನು ಕೆಲವರು.

ಎರಡೂ ಮಾತು ಸುಳ್ಳಲ್ಲ, ಆದರೆ ಆಕ್ಷೇಪ ಇದ್ದದ್ದು ಬೇರೆ ಕಡೆ. ಕ್ರೈಸ್ತ ನಂಬಿಕೆಯಲ್ಲಿ ಎಂಥ ಪಾಪಿಗೂ ದೇವರ ಕ್ಷಮೆ ಉಂಟು, ಅದನ್ನು ಬಿಡಿ ಅಂತ ಯಾರೂ ಕೇಳುತ್ತಿರಲಿಲ್ಲ. ಕೊಂದವನ ಆತ್ಮ ಹಗುರವಾಗುವುದನ್ನು ಮುನ್ನೂರು ಪುಟ ನೋಡುತ್ತೇವೆ, ಸತ್ತವರ ಕಡೆಯವರಿಗೆ ಒಂದು ಅಧ್ಯಾಯವೂ ಇಲ್ಲವಲ್ಲ ಅನ್ನುವುದು ಅವರ ಪ್ರಶ್ನೆ. ಕ್ಷಮಿಸುವ ನಾಯಕಿ ಆ ಗಾಯದವಳೇ ಅಲ್ಲ, ಅಥವಾ ಗಾಯದವಳೇ ಆಗಿದ್ದರೂ ಅವಳ ಮಾತನ್ನು ಬರೆದವರು ಬೇರೆಯವರು. 2021ರಲ್ಲಿ ಲಕೋಟರ ವಿಷಯದಲ್ಲೂ ಇದೇ ಪ್ರಶ್ನೆ ಎದ್ದಿತು, ಆರು ವರ್ಷದ ಹಿಂದೆಯೇ ಕಿವಿಗೆ ಬಿದ್ದಿದ್ದ ಪ್ರಶ್ನೆ.

ನಡುವೆ ಸಂಘದ ಒಳಗೇ ಬೆಂಕಿ ಬಿದ್ದಿತ್ತು. 2019ರ ಕೊನೆಯಲ್ಲಿ, ಹಳೇ ಚಾರಿತ್ರಿಕ ರೊಮಾನ್ಸ್ ಒಂದರಲ್ಲಿ ಚೀನೀ ಪಾತ್ರಗಳ ಚಿತ್ರಣ ಜನಾಂಗೀಯವಾಗಿದೆ ಎಂದ ಲೇಖಕಿಯ ಮೇಲೆ ಶಿಸ್ತುಕ್ರಮ ಆಯಿತು, ಗಲಾಟೆಯಾಗಿ ಅದನ್ನು ಹಿಂತೆಗೆದುಕೊಂಡರು, ಪದಾಧಿಕಾರಿಗಳು ರಾಜೀನಾಮೆ ಕೊಟ್ಟರು. ರೀಟಾ ಪ್ರಶಸ್ತಿಗಳೇ ನಿಂತವು. ಅದರ ಜಾಗಕ್ಕೆ, ಸಂಘ ಕಟ್ಟಿದವರಲ್ಲಿ ಒಬ್ಬರಾದ ಕಪ್ಪು ಸಂಪಾದಕಿ ವಿವಿಯನ್ ಸ್ಟೀಫನ್ಸ್ ಹೆಸರಿನಲ್ಲಿ ಹೊಸ ಪ್ರಶಸ್ತಿ ಬಂತು. ಅದರ ಮೊದಲ ವರ್ಷವೇ ವೂಂಡೆಡ್ ನೀ ಪ್ರಕರಣ. ಒಂದು ಕಾಲಕ್ಕೆ 10,000ದಷ್ಟಿದ್ದ ಸದಸ್ಯರು 2,000ಕ್ಕೆ ಇಳಿದರು, 2024ರ ಮೇನಲ್ಲಿ ಸಂಘ ದಿವಾಳಿ ಅರ್ಜಿ ಹಾಕಿತು. ಈ ಪುಸ್ತಕಗಳನ್ನು ಮಾರುತ್ತಿದ್ದ ಅಂಗಡಿಗಳಿಗೂ ಅದೇ ಗತಿ: ಫ್ಯಾಮಿಲಿ ಕ್ರಿಶ್ಚಿಯನ್ ಸ್ಟೋರ್ಸ್ 2017ರಲ್ಲಿ, ಲೈಫ್‌ವೇ 2019ರಲ್ಲಿ ಮಳಿಗೆಗಳನ್ನೆಲ್ಲ ಮುಚ್ಚಿದವು. ಅದಕ್ಕೂ ಈ ಜಗಳಕ್ಕೂ ಸಂಬಂಧವಿಲ್ಲ, ಆನ್‌ಲೈನ್ ಮಾರಾಟದ ಹೊಡೆತ ಅದು.

ಈಗ ಬರೆಯುತ್ತಿರುವವರ ಮುಂದೆ ಎರಡು ದಾರಿ ಇವೆ. 1851ರ ಒರೆಗಾನ್ ವಧುವಿನ ಕಥೆಯನ್ನೇ ಬರೆಯಬೇಕೆಂದರೆ ಅಲ್ಲಿನ ವಿಲಾಮೆಟ್ ಕಣಿವೆಯ ಮೂಲನಿವಾಸಿಗಳಾದ ಕಲಪೂಯ ಜನರೂ ಆ 320 ಎಕರೆಯಲ್ಲಿ ಓಡಾಡಬೇಕಾಗುತ್ತದೆ. 1855ರಲ್ಲಿ ಅವರಿಂದ ಒಪ್ಪಂದಕ್ಕೆ ಸಹಿ ಹಾಕಿಸಿ ಮರುವರ್ಷ ಗ್ರ್ಯಾಂಡ್ ರೋಂಡ್ ಮೀಸಲು ಪ್ರದೇಶಕ್ಕೆ ಸಾಗಿಸಿದ್ದೂ ನಾಯಕಿಯ ಕಣ್ಣಿಗೆ ಬೀಳಬೇಕು, ಆಮೇಲೆ ಅವಳ ಪ್ರಾರ್ಥನೆ ಮೊದಲಿನಷ್ಟು ಸಲೀಸಾಗಿ ಇರುವುದಿಲ್ಲ. ಕೆಲವರು ಇದನ್ನು ಮಾಡುತ್ತಿದ್ದಾರೆ. ಹಸ್ತಪ್ರತಿಯನ್ನು ಆ ಸಮುದಾಯದವರಿಗೆ ಮೊದಲೇ ತೋರಿಸುತ್ತಾರೆ, ಎಲ್ಲಿ ಚರಿತ್ರೆ, ಎಲ್ಲಿ ಕಲ್ಪನೆ ಅಂತ ಕೊನೆಯಲ್ಲಿ ಲೇಖಕಿಯ ಟಿಪ್ಪಣಿಯನ್ನೂ ಸೇರಿಸುತ್ತಾರೆ. ಇನ್ನೊಂದು ದಾರಿ ಊರನ್ನೇ ಬದಲಿಸುವುದು. ಎರಡನೇ ಮಹಾಯುದ್ಧದ ಲಂಡನ್, ಪ್ಯಾರಿಸ್, ಅಥವಾ ಇಂಗ್ಲೆಂಡಿನ ಯಾವುದೋ ಬಂಗಲೆ. ಅಲ್ಲಿ ಜಮೀನಿನ ಪ್ರಶ್ನೆ ಏಳುವುದಿಲ್ಲ, ಮಾರಾಟವೂ ಚೆನ್ನಾಗಿದೆ. ಹೊಸ ಪುಸ್ತಕಗಳ ಮುಖಪುಟದಲ್ಲಿ ಕುದುರೆಗಾಡಿ ಕಡಿಮೆಯಾಗಿ ವಿಮಾನ ಜಾಸ್ತಿ ಆಗಿರುವುದನ್ನು ನೋಡಿದರೆ ಹೆಚ್ಚಿನವರು ಹಿಡಿದಿರುವುದು ಯಾವ ದಾರಿ ಅಂತ ಊಹಿಸುವುದು ಕಷ್ಟವಲ್ಲ.