ಆಸ್ಪತ್ರೆ ಐನೋರಾಗಲು ಏನು ಓದಬೇಕು?

"ನೀನು ಡಾಕ್ಟ್ರೇನಮ್ಮ?"

"ಅಲ್ಲಮ್ಮ."

"ನರ್ಸಾ?"

"ಅದೂ ಅಲ್ಲ. ಇಲ್ಲಿ ಚಾಪ್ಲೇನ್ ಅಂತಾರೆ. ಕಾಯಿಲೆ ಬಿದ್ದವರ ಜೊತೆ ಕೂತು ಮಾತಾಡೋದು, ಪೂಜೆ-ಪ್ರಾರ್ಥನೆ ಏನಾದ್ರೂ ಬೇಕಿದ್ರೆ ನೋಡಿಕೊಳ್ಳೋದು ನನ್ನ ಕೆಲಸ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹಂಗಾದ್ರೆ ಆಸ್ಪತ್ರೆ ಐನೋರು ಅನ್ನು. ಹೆಂಗ್ಸು ಐನೋರು!" ಅಂತ ನಕ್ಕರು.

ಇದು ನಡೆದದ್ದು ಕ್ಯಾಲಿಫೋರ್ನಿಯಾದ ಒಂದು ಆಸ್ಪತ್ರೆಯಲ್ಲಿ. ದಾವಣಗೆರೆ ಕಡೆಯ ಈ ಅಮ್ಮ ಮಗನ ಮನೆಗೆ ಅಂತ ಬಂದವರು. ಮರುದಿನ ಬೆಳಗ್ಗೆ ಹೊಟ್ಟೆಯ ಆಪರೇಷನ್ ಇತ್ತು. (ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೇನೆ.) ಪೇಷಂಟ್ ಕೊರಳಲ್ಲಿರುವ ಬೆಳ್ಳಿಯ ಒಡವೆ ತೆಗೆಯೋಕೆ ಒಪ್ತಿಲ್ಲ, ಸ್ವಲ್ಪ ಬಂದು ನೋಡಿ ಅಂತ ನರ್ಸ್ ನನ್ನನ್ನು ಕರೆಸಿದ್ದರು. ಅದು ಒಡವೆಯಲ್ಲ, ಇಷ್ಟಲಿಂಗದ ಕರಡಿಗೆ. ಥಿಯೇಟರಿಗೆ ಲೋಹ ಹೋಗುವಂತಿಲ್ಲ ಅನ್ನೋದು ಅವರ ನಿಯಮ. ಮೈಮೇಲಿಂದ ಇಳಿಸೋಲ್ಲ ಅನ್ನೋದು ಇವರ ನಿಯಮ. ಮಗ ಮಧ್ಯೆ ನಿಂತು "ಒಂದೆರಡು ಗಂಟೆ ಅಷ್ಟೇ ಅಲ್ವಾ ಅಮ್ಮಾ" ಅಂದಷ್ಟೂ ಅವರ ಮುಷ್ಟಿ ಬಿಗಿಯಾಗ್ತಿತ್ತು.

ನಾನು ಕೇಳಿದ್ದು ಒಂದೇ. "ಪೂಜೆ ಹೊತ್ತಲ್ಲಿ ಲಿಂಗ ಎಲ್ಲಿರುತ್ತಮ್ಮ?"

"ಅಂಗೈಲಿ. ಎಡಗೈಲಿ."

"ನಾಳೆನೂ ಅಲ್ಲೇ ಇರಲಿ ಅಂದ್ರೆ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಾವೇ ಕರಡಿಗೆ ಬಿಚ್ಚಿ ಮಗನ ಕೈಗೆ ಕೊಟ್ಟರು. ಮರುದಿನ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ, ಶುದ್ಧವಾದ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಎಡ ಅಂಗೈಗೆ ಬ್ಯಾಂಡೇಜ್ ಕಟ್ಟಿದರು. ಅರಿವಳಿಕೆ ಡಾಕ್ಟರು ಡ್ರಿಪ್ ಸೂಜಿಯನ್ನು ಬಲಗೈಗೆ ಚುಚ್ಚೋಕೆ ಒಪ್ಪಿದರು. ಅಷ್ಟೇ.

ನಾನು ಬೌದ್ಧ ಚಾಪ್ಲೇನ್. ಲಿಂಗಪೂಜೆ ನನ್ನದಲ್ಲ. ಈ ಕೆಲಸಕ್ಕೆ ಏನು ಓದಬೇಕು ಅಂತ ಪತ್ರ ಬರೆಯುವ ಹುಡುಗ ಹುಡುಗಿಯರು ಹೆಚ್ಚಾಗಿ "ಧ್ಯಾನ ಚೆನ್ನಾಗಿ ಬರುತ್ತೆ, ಧಮ್ಮಪದ ಓದಿದ್ದೇನೆ" ಅಂತ ಶುರು ಮಾಡುತ್ತಾರೆ. ಅವರಿಗೆ ನಾನು ಮೊದಲು ಹೇಳೋದು ಈ ಅಮ್ಮನ ಕಥೆಯನ್ನೇ. ನಮ್ಮ ಹತ್ತಿರ ಬರುವ ರೋಗಿಗಳಲ್ಲಿ ಬೌದ್ಧರು ಕಡಿಮೆ. ಕ್ಯಾಥೊಲಿಕ್, ಬ್ಯಾಪ್ಟಿಸ್ಟ್, ಮುಸ್ಲಿಂ, ಯಾವ ದೇವರೂ ಬೇಡ ಅನ್ನೋರು, ಎಲ್ಲರೂ ಬರುತ್ತಾರೆ.

ಓದಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಅದು ಕಾಲೇಜುಗಳ ವೆಬ್‌ಸೈಟಲ್ಲೇ ಸಿಗುತ್ತೆ. ಅಮೆರಿಕದಲ್ಲಿ ಇದಕ್ಕೆ ಬೇಕಾದ ಪದವಿ ಸಾಮಾನ್ಯವಾಗಿ ಮಾಸ್ಟರ್ ಆಫ್ ಡಿವಿನಿಟಿ. ಅದು ಮೂರು ವರ್ಷದ, ಸುಮಾರು 72 ಕ್ರೆಡಿಟ್‌ನ ಓದು. ಮೂಲದಲ್ಲಿ ಇದು ಕ್ರೈಸ್ತ ಪಾದ್ರಿಗಳಿಗಾಗಿ ಹುಟ್ಟಿದ್ದು, ಬೌದ್ಧರು ಅದೇ ಚೌಕಟ್ಟನ್ನು ತಮ್ಮದು ಮಾಡಿಕೊಂಡರು. ಕೊಲೊರಾಡೊದ ಬೋಲ್ಡರ್‌ನಲ್ಲಿ ಟಿಬೆಟಿನ ಗುರು ಚೋಗ್ಯಂ ತ್ರುಂಗ್ಪ 1974ರಲ್ಲಿ ಶುರು ಮಾಡಿದ ನರೋಪ ವಿಶ್ವವಿದ್ಯಾಲಯ ಇದೆ. ಲಾಸ್ ಏಂಜಲೀಸ್ ಹತ್ತಿರದ ರೋಸ್‌ಮೀಡ್‌ನಲ್ಲಿ ತೈವಾನಿನ ಭಿಕ್ಷು ಶಿಂಗ್ ಯುನ್ 1991ರಲ್ಲಿ ಸ್ಥಾಪಿಸಿದ ಯೂನಿವರ್ಸಿಟಿ ಆಫ್ ದಿ ವೆಸ್ಟ್ ಇದೆ. ಬರ್ಕ್ಲಿಯಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಬುದ್ಧಿಸ್ಟ್ ಸ್ಟಡೀಸ್ ಇದೆ. ಹಾರ್ವರ್ಡ್ ಡಿವಿನಿಟಿ ಸ್ಕೂಲಿನಲ್ಲೂ ಬೌದ್ಧ ಸೇವೆಗೆ ಅಂತ ಒಂದು ವಿಭಾಗವಿದೆ. ಸೂತ್ರ, ವಿನಯ (ಭಿಕ್ಷುಗಳ ನಡವಳಿಕೆಯ ನಿಯಮ), ಚರಿತ್ರೆ, ಆಪ್ತಸಮಾಲೋಚನೆ, ಬೇರೆ ಧರ್ಮಗಳ ಪರಿಚಯ ಎಲ್ಲ ಕಲಿಸುತ್ತಾರೆ. ಚೆನ್ನಾಗೇ ಕಲಿಸುತ್ತಾರೆ.

ಆದರೆ ನಿಮ್ಮನ್ನು ಚಾಪ್ಲೇನ್ ಮಾಡೋದು ಆ ಓದಲ್ಲ. ಸಿಪಿಇ, ಅಂದರೆ ಕ್ಲಿನಿಕಲ್ ಪಾಸ್ಟೊರಲ್ ಎಜುಕೇಷನ್. ಒಂದು ಯುನಿಟ್ ಅಂದರೆ 400 ಗಂಟೆ. ಆಸ್ಪತ್ರೆಗಳು ಕೇಳುವ ಬೋರ್ಡ್ ಸರ್ಟಿಫಿಕೇಟ್ ಸಿಗಬೇಕಾದರೆ ಇಂಥ ನಾಲ್ಕು ಯುನಿಟ್, 1,600 ಗಂಟೆ ಆಗಬೇಕು. ವಾರ್ಡ್ ಸುತ್ತಬೇಕು, ರಾತ್ರಿ ಡ್ಯೂಟಿ ಮಾಡಬೇಕು, ಎಮರ್ಜೆನ್ಸಿಯಲ್ಲಿ ಸಾವಾದರೆ ಓಡಬೇಕು. ವಾರಕ್ಕಿಷ್ಟು ಹೊತ್ತು ಐದಾರು ಜನ ಸಹಪಾಠಿಗಳ ಮುಂದೆ ಕೂತು ಬೈಸಿಕೊಳ್ಳಬೇಕು.

ಇದರ ಹುಟ್ಟಿನ ಕಥೆ ನನಗೆ ತುಂಬ ಇಷ್ಟ. ಆಂಟನ್ ಬಾಯ್ಸನ್ ಅನ್ನೋ ಪಾದ್ರಿಗೆ 1920ರಲ್ಲಿ ಬುದ್ಧಿಭ್ರಮಣೆಯಾಗಿ ಮಾನಸಿಕ ಆಸ್ಪತ್ರೆ ಸೇರಿದರು. ಗುಣವಾಗಿ ಹೊರಬಂದವರು 1925ರಲ್ಲಿ ಮ್ಯಾಸಚೂಸೆಟ್ಸ್‌ನ ವುಸ್ಟರ್ ಸ್ಟೇಟ್ ಹಾಸ್ಪಿಟಲ್‌ಗೆ ಧರ್ಮಶಾಸ್ತ್ರದ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದರು. ಪುಸ್ತಕ ಓದಿದ ಹಾಗೆ ಮನುಷ್ಯರನ್ನೂ ಓದೋದು ಕಲಿಯಿರಿ ಅನ್ನೋದು ಅವರ ಪಾಠ. ರೋಗಿಯಾಗಿದ್ದವನೊಬ್ಬ ಶುರು ಮಾಡಿದ ವಿದ್ಯೆ ಇದು.

ಸಿಪಿಇಯಲ್ಲಿ ವರ್ಬೇಟಿಮ್ ಅಂತ ಒಂದಿದೆ. ರೋಗಿಯ ಜೊತೆ ಆಡಿದ ಮಾತನ್ನು ನೆನಪಿನಿಂದ ಅಕ್ಷರ ಅಕ್ಷರ ಬರೆದು ತರಬೇಕು. ಮೌನ, ಕೆಮ್ಮು, ಕಣ್ಣು ತಿರುಗಿಸಿದ್ದು, ಏನನ್ನೂ ಬಿಡುವಂತಿಲ್ಲ. ಸಾಲಿಗೆ ನಂಬರ್ ಹಾಕಬೇಕು. ನನ್ನ ಮೊದಲ ಯುನಿಟ್‌ನ ಒಂದು ಹಾಳೆ ಇನ್ನೂ ಇಟ್ಟುಕೊಂಡಿದ್ದೇನೆ. ರೋಗಿ ಒಬ್ಬ ಟ್ರಕ್ ಡ್ರೈವರ್. ಹೆಂಡತಿ ತೀರಿ ಸ್ವಲ್ಪ ದಿನವಾಗಿತ್ತು, ಈಗ ಅವರಿಗೇ ಕ್ಯಾನ್ಸರ್.

ರೋಗಿ 3: ಅವಳು ಮಾಡಿಟ್ಟ ಸೂಪ್ ಇನ್ನೂ ಫ್ರೀಜರಲ್ಲಿದೆ. ತಿನ್ನೋಕೂ ಆಗಲ್ಲ, ಚೆಲ್ಲೋಕೂ ಆಗಲ್ಲ.

ಚಾಪ್ಲೇನ್ 4: ಎಲ್ಲವೂ ಅನಿತ್ಯ. ಹಿಡಿದುಕೊಂಡಷ್ಟೂ ನೋವು ಜಾಸ್ತಿ ಅಂತ ನಮ್ಮಲ್ಲಿ ಹೇಳುತ್ತಾರೆ.

ರೋಗಿ 4: (ಟಿವಿ ಕಡೆ ತಿರುಗಿ) ಹೂಂ. ಥ್ಯಾಂಕ್ಸ್.

ಹಾಳೆ ಓದಿ ಮುಗಿಸಿದಾಗ ನನಗೆ ಒಳಗೊಳಗೇ ಸ್ವಲ್ಪ ಹೆಮ್ಮೆ. ಗುಂಪಿನಲ್ಲಿದ್ದ ಒಬ್ಬ ಲೂಥರನ್ ಹೆಂಗಸು ಕೇಳಿದಳು: "ಯಾವ ಸೂಪ್?"

ಗೊತ್ತಿಲ್ಲ ಅಂದೆ.

"ಅದನ್ನ ಕೇಳಬಹುದಿತ್ತಲ್ಲ."

ಆಮೇಲೆ ನಮ್ಮ ಮೇಷ್ಟರು, ನಾಲ್ಕನೇ ಸಾಲು ಹೇಳುವಾಗ ಹೊಟ್ಟೆಯೊಳಗೆ ಏನಾಗ್ತಿತ್ತು ಅಂತ ಕೇಳಿದರು. ಮೊದಲು ಸಿಟ್ಟು ಬಂತು, ಆಮೇಲೆ ಅಳು. ನಮ್ಮಪ್ಪ ತೀರಿಕೊಂಡಾಗ ನಾನು ಇಲ್ಲಿದ್ದೆ. ಫ್ಲೈಟ್ ಹಿಡಿದು ತುಮಕೂರು ಮುಟ್ಟುವಷ್ಟರಲ್ಲಿ ಮಣ್ಣಾಗಿ ಹೋಗಿತ್ತು. ಅವರ ಕನ್ನಡಕದ ಡಬ್ಬಿ ಇವತ್ತಿಗೂ ನನ್ನ ಬೀರುವಿನಲ್ಲಿದೆ. ಆ ಡ್ರೈವರ್ ಫ್ರೀಜರಿನ ಮಾತು ಎತ್ತಿದ ಕೂಡಲೇ ನನಗೆ ಆ ಡಬ್ಬಿ ನೆನಪಾಗಿ ಭಯವಾಗಿದೆ, ಬಾಯಿಗೆ ಬುದ್ಧ ಬಂದಿದ್ದಾನೆ. ನಮ್ಮೂರಲ್ಲಿ ಸಾವಿನ ಮನೆಗೆ ಹೋದವರು "ಋಣ ಇಷ್ಟೇ ಇತ್ತು ಬಿಡಮ್ಮ" ಅಂತಾರಲ್ಲ, ನಾನು ಹೇಳಿದ್ದೂ ಅದನ್ನೇ, ಬೌದ್ಧ ಗ್ರಂಥಗಳ ಪಾಳಿ ಭಾಷೆಯ ಬಣ್ಣ ಹಚ್ಚಿ.

ಸಿಪಿಇಯ ಈ ವಿಧಾನ ಬೌದ್ಧವಲ್ಲದ, ಬರೀ ಪಶ್ಚಿಮದ ಮನಶ್ಶಾಸ್ತ್ರ ಅಂತ ಮೂಗು ಮುರಿಯುವವರಿದ್ದಾರೆ. ನಾನು ಒಪ್ಪಲ್ಲ. ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯಪಿಟಕದ ಮಹಾವಗ್ಗ ಅನ್ನುವ ಭಾಗದಲ್ಲಿ ಭೇದಿಯಾಗಿ ತನ್ನ ಹೇಸಿಗೆಯಲ್ಲೇ ಬಿದ್ದಿದ್ದ ಒಬ್ಬ ಭಿಕ್ಷುವಿನ ಪ್ರಸಂಗ ಬರುತ್ತೆ. ಬುದ್ಧ ನೀರು ಸುರಿದರು, ಅವರ ಶಿಷ್ಯ ಆನಂದ ಮೈ ತೊಳೆದ. ಬುದ್ಧ ತಲೆ ಹಿಡಿದರು, ಆನಂದ ಕಾಲು ಹಿಡಿದ, ಎತ್ತಿ ಮಂಚದ ಮೇಲೆ ಮಲಗಿಸಿದರು. "ನನ್ನ ಸೇವೆ ಮಾಡಬೇಕು ಅನ್ನುವವನು ರೋಗಿಯ ಸೇವೆ ಮಾಡಲಿ" ಅನ್ನುವ ಮಾತು ಬರೋದು ಆಮೇಲೆ. ಅದನ್ನೂ ಹೇಳಿದ್ದು ಅವನನ್ನು ನೋಡಿಕೊಳ್ಳದೆ ಬಿಟ್ಟಿದ್ದ ಉಳಿದ ಭಿಕ್ಷುಗಳಿಗೆ, ಮಲಗಿದ್ದವನಿಗಲ್ಲ. ರೋಗಿಗೆ ಧಮ್ಮ ಹೇಳಿದ ಸುತ್ತಗಳೂ (ಬುದ್ಧನ ಉಪದೇಶಗಳು) ಇವೆ, ಇಲ್ಲ ಅನ್ನಲ್ಲ. ಆದರೆ ಅಲ್ಲೂ ಮತ್ತೆ ಮತ್ತೆ ಬರುವ ಮೊದಲ ಮಾತು ವಿಚಾರಣೆ: ತಡೆದುಕೊಳ್ಳೋಕೆ ಆಗ್ತಿದೆಯಾ? ನೋವು ಇಳಿಯುತ್ತಿದೆಯಾ, ಏರುತ್ತಿದೆಯಾ?

ಇನ್ನೊಂದು ತೊಡಕು ಯಾರೂ ಮುಂಚೆ ಹೇಳಲ್ಲ. ಸರ್ಟಿಫಿಕೇಟಿಗೆ ನಿಮ್ಮ ಧರ್ಮದವರು "ಇವರು ನಮ್ಮವರು, ಈ ಕೆಲಸಕ್ಕೆ ಯೋಗ್ಯರು" ಅಂತ ಪತ್ರ ಕೊಡಬೇಕು. ಕ್ಯಾಥೊಲಿಕರಿಗೆ ಬಿಷಪ್ ಇದ್ದಾರೆ. ಬೌದ್ಧರಿಗೆ ಯಾರಿದ್ದಾರೆ? ಬುದ್ಧಿಸ್ಟ್ ಚರ್ಚಸ್ ಆಫ್ ಅಮೆರಿಕದಂಥ ಹಳೆಯ ಸಂಸ್ಥೆಯ ಒಳಗಿದ್ದರೆ ಸರಿ. 2004ರಲ್ಲಿ ಅಮೆರಿಕದ ನೌಕಾಪಡೆಗೆ ಸೇರಿ, ಅಲ್ಲಿನ ಸೇನೆಯ ಮೊದಲ ಬೌದ್ಧ ಚಾಪ್ಲೇನ್ ಆದ ಜೀನೆಟ್ ಶಿನ್ ಆ ಪರಂಪರೆಯವರೇ. ವಿಪಸ್ಸನ ಧ್ಯಾನ ಶಿಬಿರಕ್ಕೆ ಹೋಗಿ ಹೋಗಿ ಬೌದ್ಧರಾದ ನನ್ನಂಥವರು ಮಾತ್ರ ಆ ಒಂದು ಪತ್ರಕ್ಕಾಗಿ ಅಲೆಯಬೇಕಾಗುತ್ತೆ. ಓದು ಶುರು ಮಾಡುವ ಮೊದಲೇ ಪತ್ರ ಕೊಡುವ ಗುರು ಯಾರು ಅಂತ ಗಟ್ಟಿ ಮಾಡಿಕೊಳ್ಳಿ.

ಹೋದ ವರ್ಷ ಬೈಲಕುಪ್ಪೆಯಲ್ಲಿ ಓದಿದ ಒಬ್ಬ ಯುವ ಭಿಕ್ಷು ಫೋನ್ ಮಾಡಿದ್ದರು. ಹನ್ನೆರಡು ವರ್ಷದ ಶಾಸ್ತ್ರಾಭ್ಯಾಸ, ಕನ್ನಡವೂ ಚೆನ್ನಾಗಿ ಬರುತ್ತೆ. ಇಷ್ಟೆಲ್ಲ ಓದಿದ ಮೇಲೂ ಸಿಪಿಇ ಬೇಕಾ ಮೇಡಂ ಅಂದರು. ಬೇಕು ಅಂದೆ. ಅವರಿಗೆ ಸ್ವಲ್ಪ ಬೇಜಾರಾಯಿತು. ಜಪಾನಿನ ವಿಷಯ ಹೇಳಿದೆ. 2011ರ ಸುನಾಮಿಯ ನಂತರ ಸೆಂಡಾಯ್‌ನ ತೊಹೊಕು ವಿಶ್ವವಿದ್ಯಾಲಯದಲ್ಲಿ ಇಂಥದ್ದೇ ತರಬೇತಿ ಶುರುವಾದಾಗ, ಮಂತ್ರ, ಶ್ರಾದ್ಧ ಎಲ್ಲ ಅರೆದು ಕುಡಿದ ಅರ್ಚಕರೇ ಬಂದು ಬೆಂಚಿನ ಮೇಲೆ ಕೂತರು. ಅವರಿಗೆ ಕಲಿಸಿದ್ದು ಕೇಳಿಸಿಕೊಳ್ಳೋದನ್ನ, ಕೇಳದವರಿಗೆ ಧರ್ಮ ಹೇಳದೆ ಇರೋದನ್ನ. ಅಲ್ಲಿ ಬೌದ್ಧರ ಹಾಸ್ಪಿಸ್‌ಗಳಿಗೆ (ಸಾಯುತ್ತಿರುವವರನ್ನು ನೋಡಿಕೊಳ್ಳುವ ಕೇಂದ್ರಗಳಿಗೆ) 'ವಿಹಾರ' ಅಂತಲೇ ಹೆಸರು. ನಮ್ಮದೇ ಪದ.

ಭಿಕ್ಷುವಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಮೂರು ವರ್ಷದ ಓದಿಗೆ ಡಾಲರ್ ಲೆಕ್ಕದಲ್ಲಿ ಸಾಲ ಮಾಡುವ ಮುಂಚೆ ಸಾಯುತ್ತಿರುವವರ ಪಕ್ಕ ಕೂತು ನೋಡಿ. ಬೆಂಗಳೂರಿನಲ್ಲಿ 1994ರಲ್ಲಿ ಶುರುವಾದ ಕರುಣಾಶ್ರಯ ಇದೆ, ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ಅಂಥ ಕಡೆ ಸ್ವಯಂಸೇವಕರಾಗಿ ಹೋಗಬಹುದಾ ಅಂತ ಕೇಳಿ. ಅಮೆರಿಕದಲ್ಲೇ ಇದ್ದರೆ ಮೊದಲು ಒಂದೇ ಒಂದು ಸಿಪಿಇ ಯುನಿಟ್ ಮಾಡಿ, ಅದಕ್ಕೆ ಪೂರ್ತಿ ಪದವಿ ಬೇಕಿಲ್ಲ. ನನ್ನ ಬ್ಯಾಚಿನಲ್ಲಿ ಇಬ್ಬರು ಮೊದಲ ಯುನಿಟ್‌ಗೇ ಬಿಟ್ಟು ಹೋದರು. ಒಬ್ಬ ಈಗ ಹೈಸ್ಕೂಲ್ ಮೇಷ್ಟರು, ಆರಾಮಾಗಿದ್ದಾನೆ.

ಭಿಕ್ಷು ಫೋನ್ ಇಡುವ ಮುಂಚೆ ಇನ್ನೊಂದು ಕೇಳಿದರು. "ರೋಗಿ ಮಾತೇ ಆಡದಿದ್ದರೆ ಏನು ಮಾಡ್ತೀರಿ?"

"ಕುರ್ಚಿ ಎಳ್ಕೊಂಡು ಕೂತ್ಕೋತೀನಿ."

"ಎಷ್ಟೊತ್ತು?"

"ಪೇಜರ್ ಹೊಡ್ಕೊಳ್ಳೋವರೆಗೂ."