ಬಾಡಿಗೆ ಎರಡು ಕಡೆ: ಮುಂಬಯಿಯ ಟೋಲ್, ಪಾಸು ಮತ್ತು ನಮ್ಮವರ ಮನೆ ಹುಡುಕಾಟ

ಮಾಹಿಮ್‌ನಿಂದ ಬಾಂದ್ರಾಕ್ಕೆ ಹೋಗುವ ಕಾಸ್‌ವೇ ಮೇಲೆ ಟ್ರಾಫಿಕ್‌ನಲ್ಲಿ ಸಿಕ್ಕಿ ಗೊಣಗುವವರು ಬೇಕಾದಷ್ಟು. ಆ ರಸ್ತೆ ಯಾಕೆ ಫುಕಟ್ ಎಂದು ಗೊತ್ತಿರುವವರು ಕಡಿಮೆ. ಅದನ್ನು ಕಟ್ಟಲು ಕಂಪನಿ ಸರ್ಕಾರ ಕೈಯೆತ್ತಿದಾಗ ಪಾರ್ಸಿ ವ್ಯಾಪಾರಿ ಜಮ್ಶೇಟ್‌ಜಿ ಜೀಜೀಭಾಯ್ ಅವರ ಪತ್ನಿ ಆವಾಬಾಯಿ 1,57,000 ರೂಪಾಯಿ ಕೊಟ್ಟರು. ದಾಟುವವರಿಂದ ಸುಂಕ ವಸೂಲಿ ಮಾಡಬಾರದು ಎನ್ನುವುದು ಅವರ ಷರತ್ತು. 1845ರಲ್ಲಿ ರಸ್ತೆ ತೆರೆಯಿತು, ಷರತ್ತು ಇವತ್ತಿಗೂ ನಡೆಯುತ್ತಿದೆ. ಅದೇ ಕೊಲ್ಲಿಯ ಮೇಲೆ 2009ರ ಜೂನ್ 30ರಂದು ತೆರೆದ ಬಾಂದ್ರಾ–ವರ್ಲಿ ಸೀ ಲಿಂಕ್‌ನಲ್ಲಿ ಮಾತ್ರ ಕಾರಿಗೆ 2024ರ ಏಪ್ರಿಲ್‌ನಿಂದ ಒಂದು ಸಲಕ್ಕೆ 100 ರೂಪಾಯಿ.

ಈ ಊರಿನಲ್ಲಿ ಬಾಡಿಗೆ ಎರಡು ಕಡೆ ಕಟ್ಟಬೇಕು: ಮನೆಯ ಮಾಲೀಕರಿಗೆ ಒಂದು, ದಾರಿಗೆ ಇನ್ನೊಂದು. ಮನೆ ಹುಡುಕುವಾಗ ಮೊದಲನೆಯದರ ಬಗ್ಗೆ ಬ್ರೋಕರ್ ಜೊತೆ ಗಂಟೆಗಟ್ಟಲೆ ಚೌಕಾಸಿ ನಡೆಯುತ್ತದೆ. ಎರಡನೆಯದನ್ನು ಹೆಚ್ಚಿನವರು ಲೆಕ್ಕ ಹಾಕುವುದು ವಾಸಕ್ಕೆ ಹೋದ ಮೇಲೆ.

ಮುಂಬಯಿಗೆ ಬಂದ ನಮ್ಮವರ, ಅಂದರೆ ಕನ್ನಡಿಗರ, ಮೊದಲ ತಲೆಮಾರಿಗೆ ಈ ಎರಡನೆಯ ಬಾಡಿಗೆ ಇರಲೇ ಇಲ್ಲ. ಉಡುಪಿ ಹೋಟೆಲಿಗೆ ಸೇರಿದ ಹುಡುಗ ಹೋಟೆಲಿನಲ್ಲೇ ಮಲಗುತ್ತಿದ್ದ. ಕೊನೆಯ ಗಿರಾಕಿ ಎದ್ದ ಮೇಲೆ ಕುರ್ಚಿಗಳನ್ನು ಟೇಬಲಿನ ಮೇಲೆ ಬೋರಲು ಹಾಕಿ, ನೆಲ ತೊಳೆದು, ಒಣಗಿದ ಕಡೆ ಚಾಪೆ ಬಿಡಿಸುವುದು. ಸ್ವಲ್ಪ ಹಳಬನಾದವನಿಗೆ ಅಟ್ಟದಲ್ಲಿ ಜಾಗ. ಅಲ್ಲಿ ಕೂತರೆ ತಲೆ ತಾಗುತ್ತದೆ, ಮಲಗಲು ಅಡ್ಡಿಯಿಲ್ಲ. ಬೆಳಗಿನ ಜಾವ ಭಟ್ಟರು ಇಡ್ಲಿಗೆ ಒಲೆ ಹೊತ್ತಿಸಿದರೆ ಎಲ್ಲರೂ ಏಳಲೇಬೇಕು. ಫೋರ್ಟಿನಲ್ಲಿ ಕೆಲಸಕ್ಕಿದ್ದವರಿಗೆ ಕನ್ನಡದ ರಾತ್ರಿ ಶಾಲೆಯೂ ನಡೆದೇ ಹೋಗುವಷ್ಟು ಹತ್ತಿರ. ಯಾವ ಪಾಸೂ ಬೇಡ, ಯಾವ ಟೋಲ್ ನಾಕಾವೂ ಇಲ್ಲ. ಧಣಿಗಳಿಗೂ ಇದು ಲಾಭದ ಏರ್ಪಾಡೇ ಎನ್ನಿ. ಸಂಬಳ ಕಡಿಮೆ ಕೊಟ್ಟರೂ ನಡೆಯುತ್ತಿತ್ತು.

ಮದುವೆಯಾದಾಗ ಖೋಲಿ ಬೇಕಾಯಿತು. ಅಷ್ಟರಲ್ಲಿ 1947ರ ಬಾಂಬೆ ಬಾಡಿಗೆ ನಿಯಂತ್ರಣ ಕಾಯ್ದೆ ಬಂದಿತ್ತು. ಬಾಡಿಗೆ 1940ರ ಮಟ್ಟಕ್ಕೇ ಅಂಟಿಕೊಂಡಿತು. ಒಳಗಿದ್ದವನಿಗೆ ಅದು ವರ. ಹೊಸಬನಿಗೆ ಪಗಡಿ ಎಂದು ದೊಡ್ಡ ಮೊತ್ತ ಎಣಿಸದೆ ಗಿರ್‌ಗಾಂವ್‌ನಲ್ಲಾಗಲಿ ದಾದರ್‌ನಲ್ಲಾಗಲಿ ಬಾಗಿಲು ತೆರೆಯುತ್ತಿರಲಿಲ್ಲ. ಬಾಡಿಗೆಗೆಂದು ಕಟ್ಟಡ ಕಟ್ಟಿದರೆ ಗಿಟ್ಟುವುದಿಲ್ಲ ಎಂದು ಮಾಲೀಕರು ಕಟ್ಟುವುದನ್ನೇ ಬಿಟ್ಟರು. ಉಳಿದದ್ದು ರೈಲ್ವೆ ಲೈನ್. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ ಓಡಿದ ಗಾಡಿಯ ಹಳಿಯನ್ನೇ ಹಿಡಿದು ನೂರು ವರ್ಷಗಳ ನಂತರ ನಮ್ಮವರು ಘಾಟ್‌ಕೋಪರ್, ಮುಲುಂಡ್ ದಾಟಿ ಡೊಂಬಿವಲಿ, ಕಲ್ಯಾಣಕ್ಕೆ ಹೋದರು. ಪಶ್ಚಿಮದ ಹಳಿಯಲ್ಲಿ ಮೀರಾ ರೋಡ್, ವಸಾಯಿ, ನಾಲಾಸೋಪಾರಾ. ಡೊಂಬಿವಲಿಯಲ್ಲಿ ಕರ್ನಾಟಕ ಸಂಘವೂ ಅದರ ಶಾಲೆಯೂ ಬೇರೂರಿದ್ದು ಈ ವಲಸೆಯಿಂದಲೇ.

ಅಷ್ಟು ದೂರ ಹೋಗಲು ಧೈರ್ಯ ಕೊಟ್ಟದ್ದು ತಿಂಗಳ ಪಾಸು. ಸೆಕೆಂಡ್ ಕ್ಲಾಸಿನ ಮಾಸಿಕ ಪಾಸಿನ ದರ ಬಹುಕಾಲದಿಂದ ಸುಮಾರು 15 ಒಂಟಿ ಟಿಕೆಟ್‌ಗಳಷ್ಟು. ಅಂದರೆ ದಿನಾ ಹೋಗಿ ಬರುವವನು ಒಂದೇ ವಾರ ಚಿಲ್ಲರೆಯಲ್ಲಿ ಪಾಸಿನ ದುಡ್ಡು ಗಿಟ್ಟಿಸಿಕೊಳ್ಳುತ್ತಾನೆ, ಮಿಕ್ಕ ದಿನ ಪುಕ್ಕಟೆ. ಈ ಲೆಕ್ಕ 2014ರ ಜೂನ್‌ನಲ್ಲಿ ಒಮ್ಮೆ ಅಲುಗಾಡಿತು. ರೈಲ್ವೆ ದರ ಏರಿಸುವಾಗ ಪಾಸನ್ನು 30 ಪ್ರಯಾಣದ ಲೆಕ್ಕಕ್ಕೆ ಒಯ್ದರು. ದರ ಒಂದೇ ಏಟಿಗೆ ದುಪ್ಪಟ್ಟು. ಹೊಸ ದರ ಜಾರಿಗೆ ಬರುವ ಮೊದಲೇ ಪಾಸು ಮಾಡಿಸಿಕೊಳ್ಳಲು ಟಿಕೆಟ್ ಕಿಟಕಿಗಳ ಮುಂದೆ ಜನ ಮುಗಿಬಿದ್ದರು. ಆಗ ರೈಲ್ವೆ ಮಂತ್ರಿ ನಮ್ಮ ದಕ್ಷಿಣ ಕನ್ನಡದ ಡಿ.ವಿ. ಸದಾನಂದ ಗೌಡರು. ಮಹಾರಾಷ್ಟ್ರದ ಸಂಸದರು ಹೋಗಿ ಕೂತ ಮೇಲೆ ಜೂನ್ 24ರಂದು ಏರಿಕೆ ಹಿಂದಕ್ಕೆ ಹೋಯಿತು, 15ರ ಲೆಕ್ಕ ಉಳಿಯಿತು. ಅಕ್ಟೋಬರ್‌ನಲ್ಲಿ ವಿಧಾನಸಭೆ ಚುನಾವಣೆಯಿತ್ತು ಎನ್ನುವುದನ್ನು ಮರೆಯಬಾರದು. ಪಾಸು ಇಮ್ಮಡಿಯಾಗಿದ್ದರೆ ಮೊದಲ ಪೆಟ್ಟು ಬೀಳುತ್ತಿದ್ದುದು ವಿರಾರ್, ಕಲ್ಯಾಣದಾಚೆಯ ಮನೆಗಳ ಬೇಡಿಕೆಗೆ. ಆ ಊರುಗಳು ನಿಂತಿರುವುದೇ ಅಗ್ಗದ ಪಾಸಿನ ಮೇಲೆ.

ಪಾಸು ಅಗ್ಗವಾದರೂ ಸ್ಟೇಷನ್ನಿನಿಂದ ಮನೆ ತಲುಪುವುದು ಅಗ್ಗವಲ್ಲ. 2025ರ ಫೆಬ್ರವರಿಯಿಂದ ರಿಕ್ಷಾದ ಕನಿಷ್ಠ ಮೀಟರ್ 26 ರೂಪಾಯಿ. ಹೋಗಿ ಬರಲು 52, ಇಪ್ಪತ್ತೈದು ದಿನಕ್ಕೆ 1,300. ಸೆಕೆಂಡ್ ಕ್ಲಾಸ್ ಪಾಸಿಗೆ ಕೆಲವು ನೂರು ಕೊಟ್ಟು ಐವತ್ತು ಕಿಲೋಮೀಟರ್ ಬಂದವನು ಕೊನೆಯ ಒಂದೂವರೆ ಕಿಲೋಮೀಟರಿಗೆ ಅದರ ಹಲವು ಪಟ್ಟು ತೆರುತ್ತಾನೆ. ‘ಸ್ಟೇಷನ್‌ನಿಂದ ಐದೇ ನಿಮಿಷ’ ಎಂದು ಬ್ರೋಕರ್ ಹೇಳುವ ಫ್ಲ್ಯಾಟಿಗೆ ದರ ಹೆಚ್ಚಿರುವುದು ಇದಕ್ಕೇ. ಆ ಐದು ನಿಮಿಷ ಯಾರ ಕಾಲಿನ ಅಳತೆ ಎಂದು ಮಾತ್ರ ಅವನು ಹೇಳುವುದಿಲ್ಲ.

ಖಾಡಿಯ, ಅಂದರೆ ಊರಿನ ಪೂರ್ವಕ್ಕಿರುವ ಸಮುದ್ರದ ಹಿನ್ನೀರಿನ, ಆಚೆಯ ಕಥೆ ಬೇರೆ. ಮುಂಬಯಿ ಉದ್ದಕ್ಕೆ ಬೆಳೆಯುವ ಬದಲು ಪೂರ್ವಕ್ಕೆ, ನೀರಿನಾಚೆಗೆ ಬೆಳೆಯಲಿ ಎಂದು ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ 1965ರಲ್ಲಿ ಮುಂದಿಟ್ಟ ಯೋಚನೆಯಿಂದ ನವಿ ಮುಂಬಯಿ ಹುಟ್ಟಿತು. 1970ರ ಮಾರ್ಚ್‌ನಲ್ಲಿ ಅದನ್ನು ಕಟ್ಟುವ ಸರ್ಕಾರಿ ನಿಗಮ ಸಿಡ್ಕೊ ಸ್ಥಾಪನೆಯಾಯಿತು, 1973ರಲ್ಲಿ ವಾಶಿ ಸೇತುವೆ ತೆರೆಯಿತು. ಸರ್ಕಾರಿ ಕಚೇರಿಗಳೂ ಅಲ್ಲಿಗೆ ಹೋಗುತ್ತವೆ, ಕೆಲಸ ಮನೆಯ ಹತ್ತಿರವೇ ಸಿಗುತ್ತದೆ ಎನ್ನುವುದು ಲೆಕ್ಕ. ರಾಜ್ಯ ಸರ್ಕಾರದ ಸಚಿವಾಲಯವಾದ ಮಂತ್ರಾಲಯ ಕದಲಲಿಲ್ಲ. ನರಿಮನ್ ಪಾಯಿಂಟಿನಲ್ಲಿ ಸಮುದ್ರ ತುಂಬಿಸಿ ಕಟ್ಟಡಗಳು ಎದ್ದವು. ಹೀಗಾಗಿ ವಾಶಿಗೆ ಹೋದವರ ಮನೆ ಖಾಡಿಯ ಆಚೆ, ಕೆಲಸ ಈಚೆ ಉಳಿಯಿತು. ನಡುವೆ ಬಸ್ಸಿನ ಕ್ಯೂ. ಸೇತುವೆಯಾಗಿ ಸುಮಾರು ಇಪ್ಪತ್ತು ವರ್ಷ ಅವರು ಹೀಗೇ ಕಳೆದರು. ಮಾನ್‌ಖುರ್ದ್‌ನಿಂದ ವಾಶಿಗೆ ಲೋಕಲ್ ಓಡಿದ್ದು 1992ರ ಮೇ ತಿಂಗಳಲ್ಲಿ.

ಆ ರೈಲನ್ನು ತಂದದ್ದು ರೈಲ್ವೆಯ ಉದಾರತೆಯಲ್ಲ. ನವಿ ಮುಂಬಯಿಯ ಲೈನುಗಳ ಖರ್ಚಿನಲ್ಲಿ ಶೇಕಡಾ 67 ಸಿಡ್ಕೊದ್ದು, 33 ರೈಲ್ವೆಯದ್ದು. ಸಿಡ್ಕೊದ ದುಡ್ಡು ಬಂದದ್ದು ನಿವೇಶನ ಮಾರಿ. ಟಿಕೆಟ್ ಮೇಲೆ ಸರ್ಚಾರ್ಜ್ ಕೂಡ ಕೂತಿತು. ದಾರಿಯ ಬಾಡಿಗೆಯನ್ನು ಮನೆಯ ಬೆಲೆಯೊಳಗೇ ಮೊದಲೇ ಸೇರಿಸಿದ ಹಾಗೆ. ನನ್ನ ಮಟ್ಟಿಗೆ ಮುಂಬಯಿಯಲ್ಲಿ ನಡೆದ ಪ್ರಯೋಗಗಳಲ್ಲಿ ಇದು ಹೆಚ್ಚು ಪ್ರಾಮಾಣಿಕವಾದದ್ದು: ಜಮೀನಿನ ಬೆಲೆ ಏರಿಸುವ ರೈಲಿಗೆ ಜಮೀನೇ ಹಣ ಕೊಟ್ಟಿತು.

1998ರಲ್ಲಿ ಹಾರ್ಬರ್ ಲೈನ್ ಪನ್ವೇಲ್ ಮುಟ್ಟಿತು. ಅದೇ ವರ್ಷ ಕೊಂಕಣ ರೈಲ್ವೆ ಪೂರ್ತಿಯಾಗಿ, ಮತ್ಸ್ಯಗಂಧಾ ಓಡತೊಡಗಿತು. ಊರಿನ ಗಾಡಿ ಪನ್ವೇಲ್‌ನಲ್ಲಿ ನಿಲ್ಲುತ್ತದೆ ಎನ್ನುವುದು ಕರಾವಳಿಯವರಿಗೆ ಸಣ್ಣ ಸಂಗತಿಯಲ್ಲ. ಅಕ್ಕಿ ಮೂಟೆ, ಹಲಸಿನ ಹಣ್ಣು, ವಯಸ್ಸಾದ ಅಮ್ಮ, ಎಲ್ಲರೂ ಕುರ್ಲಾದವರೆಗೆ ಹೋಗದೆ ಇಳಿಯಬಹುದು. ನೆರೂಲ್, ಕಾಮೋಠೆ, ಖಾರ್‌ಘರ್ ಕಡೆ ನಮ್ಮವರ ಸಂಖ್ಯೆ ಬೆಳೆದದ್ದಕ್ಕೆ ಇದೂ ಒಂದು ಕಾರಣ ಎಂದು ಹೇಳುವವರನ್ನು ನಾನು ನಂಬುತ್ತೇನೆ.

ಇನ್ನು ನಾಕಾ. ದಹಿಸರ್, ಮುಲುಂಡ್‌ಗಳಲ್ಲಿ ‘ಚೆಕ್ ನಾಕಾ’ ಎನ್ನುವ ಹೆಸರು ಟೋಲಿಗಿಂತ ಹಳೆಯದು. ಊರೊಳಗೆ ಬರುವ ಸರಕಿಗೆ ಪಾಲಿಕೆ ಆಕ್ಟ್ರಾಯ್ ವಸೂಲಿ ಮಾಡುತ್ತಿದ್ದ ಗಡಿ ಅದು. 2017ರ ಜುಲೈ 1ರಂದು ಜಿಎಸ್‌ಟಿ ಬಂದು ಆಕ್ಟ್ರಾಯ್ ಮುಗಿಯಿತು. ಅದೇ ಗಡಿಯಲ್ಲಿ ಜನರ ವಾಹನಗಳಿಗೂ ಸುಂಕ ಕೂತದ್ದು ಫ್ಲೈಓವರ್‌ಗಳಿಂದ. ನಿತಿನ್ ಗಡ್ಕರಿ ಲೋಕೋಪಯೋಗಿ ಮಂತ್ರಿಯಾಗಿದ್ದಾಗ, 1996ರಲ್ಲಿ ಹುಟ್ಟಿದ ರಸ್ತೆ ಅಭಿವೃದ್ಧಿ ನಿಗಮ ಎಂಎಸ್‌ಆರ್‌ಡಿಸಿ ಮುಂಬಯಿಯಲ್ಲಿ 55 ಫ್ಲೈಓವರ್‌ಗಳ ಯೋಜನೆ ಹಿಡಿಯಿತು. ಆ ಖರ್ಚು ಎತ್ತಲು 2002ರಿಂದ ವಾಶಿ, ಐರೋಲಿ, ದಹಿಸರ್ ಮತ್ತು ಮುಲುಂಡಿನ ಎರಡು ರಸ್ತೆಗಳಲ್ಲಿ, ಒಟ್ಟು ಐದು ಕಡೆ ಟೋಲ್ ಶುರುವಾಯಿತು. ಫ್ಲೈಓವರ್ ಊರೊಳಗೆ, ದುಡ್ಡು ಊರ ಬಾಗಿಲಲ್ಲಿ. ಅಂಧೇರಿಯಿಂದ ಸಾಯನ್‌ಗೆ ದಿನಾ ಫ್ಲೈಓವರ್ ಹತ್ತಿ ಇಳಿಯುವವನು ಒಂದು ಪೈಸೆ ಕೊಡಲಿಲ್ಲ. ಥಾಣೆ ಪೂರ್ವದ ಕೋಪ್ರಿಯಿಂದ ಮುಲುಂಡಿನ ಮಾರ್ಕೆಟ್ಟಿಗೆ ಎರಡು ಮೂರು ಕಿಲೋಮೀಟರ್ ಕಾರಿನಲ್ಲಿ ಬಂದವನು ಕೊಟ್ಟ. ಥಾಣೆಯವರ ಸಿಟ್ಟು 45 ರೂಪಾಯಿಗಿಂತ ಹೆಚ್ಚಾಗಿ ಈ ಅನ್ಯಾಯದ ಮೇಲಿತ್ತು. ಮೇಲಿಂದ ಕ್ಯೂ.

ಆದರೂ ಜನ ನಾಕಾದ ಆಚೆಯೇ ಮನೆ ಕೊಂಡರು. ಪೆದ್ದುತನವೇ? ಲೆಕ್ಕ ಹಾಕಿ ನೋಡೋಣ. 2023ರ ಅಕ್ಟೋಬರ್ ನಂತರದ ದರ ಕಾರಿಗೆ 45 ರೂಪಾಯಿ. ಹೋಗುವಾಗ, ಬರುವಾಗ ಎರಡೂ ಸಲ ಕೊಟ್ಟರೆ 90, ತಿಂಗಳಿಗೆ ಇಪ್ಪತ್ತೈದು ದಿನಕ್ಕೆ 2,250. ಶೇಕಡಾ ಎಂಟೂವರೆ ಬಡ್ಡಿಗೆ ಇಪ್ಪತ್ತು ವರ್ಷದ ಗೃಹಸಾಲದ ಕಂತು ಲಕ್ಷಕ್ಕೆ ಸುಮಾರು 868 ರೂಪಾಯಿ. ಹಾಗಾದರೆ ಟೋಲಿನ ದುಡ್ಡು ಸರಿಸುಮಾರು ಎರಡೂವರೆ ಲಕ್ಷ ಸಾಲದ ಕಂತಿಗೆ ಸಮ. 500 ಚದರಡಿಯ ಮನೆ ಎಂದುಕೊಂಡರೆ ಚದರಡಿಗೆ 500 ರೂಪಾಯಿ. ಮುಲುಂಡಿಗೂ ಥಾಣೆಗೂ ಮನೆಯ ದರದಲ್ಲಿ ಇದ್ದ ವ್ಯತ್ಯಾಸ ಇದಕ್ಕಿಂತ ದೊಡ್ಡದೇ. ಟೋಲನ್ನು ಬೈಯುತ್ತಲೇ ಟೋಲಿನಾಚೆ ಮನೆ ಮಾಡಿದವರು ಲೆಕ್ಕ ತಪ್ಪಿರಲಿಲ್ಲ. ಕಾರಿಲ್ಲದವರಿಗಂತೂ ಈ ಪ್ರಶ್ನೆಯೇ ಇಲ್ಲ. ಲೋಕಲ್ಲಿಗೆ ನಾಕಾ ಎಲ್ಲಿಂದ?

ರಾಜ್ಯದಲ್ಲಿ ಟೋಲ್ ವಿರುದ್ಧ ಗದ್ದಲ ಬೆಳೆದು 2015ರ ಜೂನ್‌ನಿಂದ 12 ನಾಕಾಗಳು ಮುಚ್ಚಿದವು, 53ರಲ್ಲಿ ಕಾರುಗಳಿಗೆ ವಿನಾಯಿತಿ ಸಿಕ್ಕಿತು. ಮುಂಬಯಿಯ ಐದಕ್ಕೆ ಆ ಭಾಗ್ಯ ಬರಲಿಲ್ಲ: ವಸೂಲಿಯ ಗುತ್ತಿಗೆಯನ್ನು 2010ರಲ್ಲೇ ಹದಿನಾರು ವರ್ಷಕ್ಕೆ ಕೊಟ್ಟು, 2,100 ಕೋಟಿ ರೂಪಾಯಿ ಮುಂಗಡ ತೆಗೆದುಕೊಂಡಾಗಿತ್ತು. ಕೊನೆಗೆ 2024ರ ಅಕ್ಟೋಬರ್ 14ರಂದು ಸಂಪುಟ ಸಭೆ ನಿರ್ಧರಿಸಿ, ಆ ಮಧ್ಯರಾತ್ರಿಯಿಂದಲೇ ಕಾರು ಮೊದಲಾದ ಲಘು ವಾಹನಗಳಿಗೆ ಟೋಲ್ ರದ್ದಾಯಿತು. ಮರುದಿನ ಚುನಾವಣಾ ಆಯೋಗ ವಿಧಾನಸಭೆ ಚುನಾವಣೆಯ ದಿನಾಂಕ ಪ್ರಕಟಿಸಿತು. 2014ರ ಪಾಸಿನ ಕಥೆಯನ್ನು ನೆನಪಿಟ್ಟವರು ನಕ್ಕಿರಬೇಕು. ಐದು ನಾಕಾಗಳಲ್ಲಿ ದಿನಕ್ಕೆ ಸುಮಾರು 3.5 ಲಕ್ಷ ವಾಹನ, ಅದರಲ್ಲಿ 2.8 ಲಕ್ಷ ಲಘು ವಾಹನಗಳು ಎಂದು ಸರ್ಕಾರ ಆಗ ಹೇಳಿತು. ಲಾರಿಗಳಿಗೆ ಟೋಲ್ ಉಳಿದಿದೆ; ಅದು ತರಕಾರಿಯ ಬೆಲೆಯಲ್ಲಿ ಸೇರಿ ಅಡುಗೆಮನೆಗೇ ಬರುತ್ತದೆ.

ಈ ವಿನಾಯಿತಿಯ ಲಾಭ ಯಾರಿಗೆ? ಮನೆ ಆಗಲೇ ಕೊಂಡವರಿಗೆ. ಆ ಎರಡೂವರೆ ಲಕ್ಷವನ್ನು ಈಗ ಮಾರುವವನು ಬೆಲೆಗೆ ಸೇರಿಸಬಹುದು. ‘ಟೋಲ್ ಈಗ ಇಲ್ಲವಲ್ಲ’ ಎನ್ನುವುದು ಬ್ರೋಕರ್‌ಗಳಿಗೆ ಒದಗಿಬಂದ ಹೊಸ ಮಾತು. ಹನ್ನೊಂದು ತಿಂಗಳ ಲೀವ್ ಆ್ಯಂಡ್ ಲೈಸೆನ್ಸ್ ಕರಾರಿನಲ್ಲಿರುವ ಬಾಡಿಗೆದಾರನಿಗೆ ಉಳಿತಾಯದ ಸುಖ ಹೆಚ್ಚೆಂದರೆ ಮುಂದಿನ ಕರಾರಿನವರೆಗೆ.

ಅತ್ತ ಐದು ನಾಕಾ ಸಡಿಲವಾದ ವರ್ಷವೇ ಇತ್ತ ದುಬಾರಿ ಸೇತುವೆಯೊಂದು ತೆರೆದಿತ್ತು. 2024ರ ಜನವರಿ 12ರಂದು ಉದ್ಘಾಟನೆಯಾದ ಅಟಲ್ ಸೇತು, ಶಿವಡಿಯಿಂದ ನ್ಹಾವಾ ಶೇವಾ ಕಡೆಗೆ 21.8 ಕಿಲೋಮೀಟರ್. ಕಾರಿಗೆ ಒಂದು ಸಲಕ್ಕೆ 250 ರೂಪಾಯಿ, ಹೋಗಿ ಬರಲು 375, ತಿಂಗಳ ಪಾಸು 12,500. ಮೇಲಿನ ಲೆಕ್ಕವನ್ನೇ ಇಲ್ಲಿಗೂ ಹಾಕಿದರೆ ಪಾಸಿನ ದುಡ್ಡು ಹದಿನಾಲ್ಕು ಲಕ್ಷಕ್ಕೂ ಮೇಲಿನ ಸಾಲದ ಕಂತು. ದಿನಾ ರಿಟರ್ನ್ ಟೋಲ್ ಕೊಟ್ಟು ಇಪ್ಪತ್ತೈದು ದಿನ ಓಡಾಡಿದರೆ 9,375, ಪಾಸೇ ದುಬಾರಿ! ಮೊದಲ ವರ್ಷ ಸೇತುವೆ ಮೇಲೆ ದಿನಕ್ಕೆ ಇಪ್ಪತ್ತು ಸಾವಿರದ ಆಸುಪಾಸು ವಾಹನಗಳು ಓಡಿದವು, ಅಂದಾಜು ಮಾಡಿದ್ದಕ್ಕಿಂತ ಬಹಳ ಕಡಿಮೆ. ಬೈಕು, ಸ್ಕೂಟರು, ರಿಕ್ಷಾಗಳಿಗೆ ಅಲ್ಲಿ ಪ್ರವೇಶವೇ ಇಲ್ಲ.

ನವಿ ಮುಂಬಯಿಯ ಉಲ್ವೆಯಲ್ಲಿ ಮನೆ ತೋರಿಸುವವರು ಬಾಲ್ಕನಿಯಲ್ಲಿ ನಿಲ್ಲಿಸಿ ಈ ಸೇತುವೆಯತ್ತ ಕೈ ಮಾಡುತ್ತಾರೆ. ಅದೇ ಜನವರಿ 12ರಂದು, ಅದೇ ಕಾರ್ಯಕ್ರಮದಲ್ಲಿ, ಖಾರ್‌ಕೋಪರ್‌ನಿಂದ ಉರಣ್‌ಗೆ ರೈಲ್ವೆ ಲೈನೂ ತೆರೆಯಿತು. ಖಾರ್‌ಕೋಪರ್, ಬಾಮಣಡೋಂಗ್ರಿ ಸ್ಟೇಷನ್‌ಗಳಿಗೆ 2018ರಿಂದಲೇ ಲೋಕಲ್ ಇದೆ. ಗಾಡಿಗಳು ವಿರಳ, ಫೋರ್ಟಿಗೆ ಹೋಗಲು ಬೇಲಾಪುರ ಅಥವಾ ನೆರೂಲ್‌ನಲ್ಲಿ ಬದಲಾಯಿಸಬೇಕು, ನಿಜ. ರಾತ್ರಿ ಹನ್ನೆರಡೂವರೆಗೆ ಹೋಟೆಲ್ ಮುಚ್ಚಿ ಹೊರಡುವ ಮ್ಯಾನೇಜರ್‌ಗೆ ಈ ಎರಡರಲ್ಲಿ ಯಾವುದೂ ಒದಗುವುದಿಲ್ಲ. ಲೋಕಲ್ ತಪ್ಪಿದರೆ ಟ್ಯಾಕ್ಸಿಗೆ ಮಧ್ಯರಾತ್ರಿಯ ಮೇಲೆ ಕಾಲುಪಟ್ಟು ಹೆಚ್ಚು ದರ, ಸೇತುವೆಯ ಮೇಲೆ ಹೋದರೆ ಅದರ ಟೋಲೂ ಅವನದ್ದೇ. ಹಾಗಾಗಿ ಅವನು ಇನ್ನೂ ಸಾಯನ್ನಿನಲ್ಲೋ ಚೆಂಬೂರಿನಲ್ಲೋ ಮೂರು ಜನ ಸೇರಿ ಬಾಡಿಗೆ ಕಟ್ಟುವ ರೂಮಿನಲ್ಲಿದ್ದಾನೆ; ಉಲ್ವೆಯಲ್ಲಿ ಬುಕ್ ಮಾಡಿದ ಫ್ಲ್ಯಾಟಿನಲ್ಲಿ ಹೆಂಡತಿ ಮಕ್ಕಳು.

ಸೇತುವೆಯ 250 ರೂಪಾಯಿ ದರವೇ ರಿಯಾಯಿತಿಯದ್ದು ಎನ್ನುತ್ತದೆ ಸರ್ಕಾರ. 2025ರ ಜನವರಿಯಲ್ಲಿ ಸಂಪುಟ ಅದನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಿತು. ಆಗಸ್ಟ್‌ನಿಂದ ವಿದ್ಯುತ್ ಕಾರುಗಳಿಗೆ ಟೋಲ್ ಪೂರ್ತಿ ಮಾಫಿಯಾಯಿತು. ಉಲ್ವೆಯ ಸೊಸೈಟಿಗಳ ಮೀಟಿಂಗಿನಲ್ಲಿ ಈಗ ಪಾರ್ಕಿಂಗ್‌ನಲ್ಲಿ ಚಾರ್ಜಿಂಗ್ ಪಾಯಿಂಟ್ ಹಾಕಿಸುವ ಖರ್ಚು ಯಾರದ್ದು ಎನ್ನುವ ಜಗಳ ಶುರುವಾಗಿದೆ.