ಉಪದೇಶಿಯ ಹಾದಿ: ಕೊಡಗಿನಲ್ಲಿ ಕ್ರೈಸ್ತ ವಿಶ್ವಾಸಕ್ಕೆ ದಾರಿ ತೋರಿದವರು ಯಾರು?

ಮಡಿಕೇರಿ ಕೋಟೆಯೊಳಗಿನ ವಸ್ತುಸಂಗ್ರಹಾಲಯದಲ್ಲಿ ವೀರಗಲ್ಲುಗಳನ್ನೂ ಜೈನ ವಿಗ್ರಹಗಳನ್ನೂ ನೋಡುತ್ತ ನಡೆಯುವವರು ಒಮ್ಮೆ ತಲೆಯೆತ್ತಿದರೆ ಕಿಟಕಿಯ ಬಣ್ಣದ ಗಾಜು ಕಣ್ಣಿಗೆ ಬೀಳುತ್ತದೆ. ಆ ಕಟ್ಟಡ ಹಿಂದೆ ಸಂತ ಮಾರ್ಕರ ಚರ್ಚ್ ಆಗಿತ್ತು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದಿಳಿಸಿ ಕೊಡಗನ್ನು ತಮ್ಮ ಆಳ್ವಿಕೆಗೆ ಸೇರಿಸಿಕೊಂಡ ಬ್ರಿಟಿಷರು, ಕೋಟೆಯೊಳಗಿದ್ದ ವೀರಭದ್ರ ದೇವಾಲಯವನ್ನು ತೆಗೆಸಿ, 1855ರಲ್ಲಿ ಅದೇ ಜಾಗದಲ್ಲಿ ಈ ಚರ್ಚನ್ನು ಎಬ್ಬಿಸಿದರು. ಅದು ಅಧಿಕಾರಿಗಳ, ಅವರ ಕುಟುಂಬಗಳ ಆರಾಧನೆಯ ಜಾಗ. ಸ್ವಾತಂತ್ರ್ಯ ಬಂದು ಅಧಿಕಾರಿಗಳು ಹಡಗು ಹತ್ತಿದ ಮೇಲೆ ಅಲ್ಲಿ ಮೊಣಕಾಲೂರುವವರು ಉಳಿಯಲಿಲ್ಲ. ಒಂದು ದೇವಾಲಯವನ್ನು ಕೆಡವಿ ಕಟ್ಟಿದ ಪ್ರಾರ್ಥನಾಲಯ ಅದು ಎಂಬುದನ್ನು ಕ್ರೈಸ್ತರಾದ ನಾವು ಮುಚ್ಚಿಡದೆ ಹೇಳಬೇಕು. ಕೊಡಗಿನಲ್ಲಿ ಕ್ರೈಸ್ತ ಧಾರ್ಮಿಕ ನಾಯಕತ್ವದ ಕಥೆಯನ್ನು ಕೇಳಹೊರಟವರಿಗೆ ಅಲ್ಲಿಂದಲೇ ಮೊದಲ ಪ್ರಶ್ನೆ ಏಳುತ್ತದೆ. ಅಧಿಕಾರದ ಬಲದಿಂದ ಎದ್ದ ಚರ್ಚ್ ನೂರು ವರ್ಷ ಬಾಳಲಿಲ್ಲ. ಹಾಗಾದರೆ ಈ ಜಿಲ್ಲೆಯಲ್ಲಿ ಬಾಳಿದ್ದು ಯಾವುದು, ಅದನ್ನು ಬಾಳಿಸಿದವರು ಯಾರು?

ಉತ್ತರದ ಒಂದು ಪಾಲು ವಿರಾಜಪೇಟೆಯಲ್ಲಿದೆ. ದೊಡ್ಡವೀರರಾಜೇಂದ್ರ ತನ್ನ ಹೆಸರಿನ ಈ ಪೇಟೆಯನ್ನು 1792ರಲ್ಲಿ ಕಟ್ಟಿಸಿದಾಗ, ಅಲ್ಲಿ ನೆಲೆಸಲು ಬಂದವರಲ್ಲಿ ಕೊಂಕಣಿ ಮಾತಾಡುವ ಕೆಥೋಲಿಕರೂ ಇದ್ದರು. 1784ರಲ್ಲಿ ಟಿಪ್ಪು ಸುಲ್ತಾನನ ಸೈನ್ಯ ಕೆನರಾ ಕರಾವಳಿಯ ಕೆಥೋಲಿಕರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಕರೆದೊಯ್ದಿತ್ತು. ಆ ಸೆರೆಯಿಂದ ತಪ್ಪಿಸಿಕೊಂಡು ಬಂದವರಿಗೆ ಕೊಡಗಿನ ಅರಸ ನೆಲೆ ಕೊಟ್ಟ. ಇಂದಿನ ಸಂತ ಅನ್ನಮ್ಮನವರ ಚರ್ಚಿನ ಮೂಲ ಅಲ್ಲಿದೆ. ಇದರಲ್ಲಿ ನನ್ನ ಮನಸ್ಸನ್ನು ಹಿಡಿದಿಡುವ ಸಂಗತಿಯೆಂದರೆ, ಇಲ್ಲಿ ಜನ ಮೊದಲು ಬಂದರು, ಗುರುಗಳು ಆಮೇಲೆ ಬಂದರು. ಸೆರೆಯ ವರ್ಷಗಳಲ್ಲಿ ಬಲಿಪೂಜೆ ಅರ್ಪಿಸಲು ಪಾದ್ರಿಗಳಿರಲಿಲ್ಲ, ಚರ್ಚುಗಳು ನೆಲಸಮವಾಗಿದ್ದವು. ಪಾದ್ರಿಗಳಿಲ್ಲದ ಆ ಕಾಲದಲ್ಲಿ ವಿಶ್ವಾಸವನ್ನು ಕಾಯ್ದುಕೊಂಡವರು ಮನೆಯವರೇ ಅಲ್ಲದೆ ಬೇರೆ ಯಾರು ಇರಲು ಸಾಧ್ಯ? ಕರಾವಳಿಯ ಕೊಂಕಣಿ ಕೆಥೋಲಿಕರಲ್ಲಿ ಊರಿನ ಒಂದೊಂದು ವಾಡೆಗೆ, ಅಂದರೆ ಕೇರಿಗೆ, ಒಬ್ಬ ಗುರಿಕಾರನಿರುವ ಪದ್ಧತಿ ಹಳೆಯದು. ಆತ ದೀಕ್ಷೆ ಪಡೆದ ಗುರುವಲ್ಲ, ಸಂಸಾರಸ್ಥ. ರೋಗಿ ಮಲಗಿದ ಮನೆಗೆ ಪಾದ್ರಿಯನ್ನು ಕರೆತರುವವನು, ಜಗಳವಾಡಿದವರನ್ನು ಹಬ್ಬಕ್ಕೆ ಮುಂಚೆ ಒಂದು ಮಾಡುವವನು. ಮುನ್ನಡೆಸುವುದೆಂದರೆ ಜನರ ಮಧ್ಯೆ ಇರುವುದು ಎಂಬ ತಿಳಿವಳಿಕೆ ಘಟ್ಟದ ಮೇಲಿನ ಕ್ರೈಸ್ತರಿಗೆ ದೊರೆತದ್ದು ಇಂಥವರಿಂದ.

ಮೈಸೂರು ಸೀಮೆಯೂ ಸೇರಿ ದಕ್ಷಿಣ ಭಾರತದಲ್ಲಿ ಮೂರು ದಶಕ ದುಡಿದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ 1823ರಲ್ಲಿ ಸ್ವದೇಶಕ್ಕೆ ಮರಳಿದಾಗ, ಅಂದಿನ ಪರಿಸ್ಥಿತಿಯಲ್ಲಿ ಹಿಂದೂಗಳನ್ನು ಕ್ರೈಸ್ತರನ್ನಾಗಿಸುವುದು ಆಗದ ಮಾತು ಎಂದು ಬರೆದೇ ಹೋದರು. ಅವರ ನಿರಾಶೆ ಪ್ರಾಮಾಣಿಕವಾದದ್ದು. ಆದರೆ ಹಾಗೆ ಬರೆದು ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಕೊಡಗಿನ ಒಬ್ಬ ಗೃಹಸ್ಥ ತಾನಾಗಿಯೇ ಒಬ್ಬ ಮಿಷನರಿಯ ಬಾಗಿಲಿಗೆ ಬಂದು ನಿಂತ.

ಆ ಮಿಷನರಿ ಹರ್ಮನ್ ಮೋಗ್ಲಿಂಗ್. 1836ರಲ್ಲಿ ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಸಂಸ್ಥೆ ಬಾಸೆಲ್ ಮಿಷನ್ ವತಿಯಿಂದ ಮಂಗಳೂರಿಗೆ ಬಂದ ಅವರನ್ನು ಕನ್ನಡಿಗರು ನೆನೆಯುವುದು 1843ರಲ್ಲಿ ಆರಂಭಿಸಿದ ‘ಮಂಗಳೂರು ಸಮಾಚಾರ’ಕ್ಕಾಗಿ, ಕನ್ನಡ ಪತ್ರಿಕೋದ್ಯಮದ ಆರಂಭವೆಂದು ಪ್ರತಿ ವರ್ಷ ಜುಲೈ 1ರಂದು ನಾವು ಆಚರಿಸುವುದು ಅದನ್ನೇ. ಅವರ ಇನ್ನೊಂದು ಮುಖ ಕಡಿಮೆ ಪರಿಚಿತ. ಮಂಗಳೂರಿನಲ್ಲಿ ಅವರು ತಮ್ಮ ವಿದ್ಯಾರ್ಥಿಗಳ ಜೊತೆ ಒಂದೇ ಮನೆಯಲ್ಲಿದ್ದು, ಅವರು ಉಂಡದ್ದನ್ನೇ ಉಣ್ಣುತ್ತಿದ್ದರು. ದೂರದಿಂದ ಬೋಧಿಸಿದರೆ ಸಾಲದು, ಕೂಡಿ ಬದುಕಿದರೆ ಮಾತ್ರ ಉಪದೇಶಿಗಳು, ಅಂದರೆ ಜನರಿಗೆ ವಿಶ್ವಾಸವನ್ನು ಹೇಳಿಕೊಡುವ ಸ್ಥಳೀಯರು, ತಯಾರಾಗುತ್ತಾರೆ ಎಂದು ನಂಬಿದ್ದರು. 1844ರಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯರನ್ನು ಮಗನಂತೆ ಸಾಕಿ ಬಾಸೆಲ್‌ಗೆ ಕಳುಹಿಸಿದರು. ಕೌಂಡಿನ್ಯರು 1851ರಲ್ಲಿ ಸಭಾಪಾಲಕರಾಗಿ ಅಭಿಷಿಕ್ತರಾದರು. 1847ರಲ್ಲಿ ಮಂಗಳೂರಿನಲ್ಲಿ ಉಪದೇಶಿಗಳ ಶಾಲೆ ತೆರೆಯಿತು. ಬಲ್ಮಠದ ಇಂದಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಬೇರು ಅಲ್ಲಿದೆ.

ಇಂಥ ಮೋಗ್ಲಿಂಗರನ್ನು ಹುಡುಕಿಕೊಂಡು ಬಂದವನು ಆಲ್ಮಂಡ ಮನೆತನದ ಕೊಡವ ಸೋಮಯ್ಯ. ಸ್ತೆಫಾನ ಎಂಬ ಹೆಸರಿನಲ್ಲಿ 1853ರಲ್ಲಿ ಆತ ದೀಕ್ಷಾಸ್ನಾನ ಪಡೆದ. ಅದೇ ವರ್ಷ ಮೋಗ್ಲಿಂಗ್ ಆತನೊಂದಿಗೆ ಕೊಡಗಿಗೆ ಬಂದರು. ಈ ಘಟನೆಯನ್ನು ‘ಮಿಷನರಿ ಕೊಡಗಿಗೆ ಕ್ರೈಸ್ತ ಧರ್ಮ ತಂದ’ ಎಂದು ಹೇಳುವುದು ರೂಢಿ. ನಡೆದದ್ದು ಅದಲ್ಲ. ಕೊಡಗಿನವನೊಬ್ಬ ಮಿಷನರಿಯನ್ನು ತನ್ನ ಊರಿಗೆ ಕರೆತಂದ. ಅದಕ್ಕಾಗಿ ಅವನು ತೆತ್ತದ್ದನ್ನು ಅಳೆಯಬೇಕಾದರೆ ಕೊಡವರ ಬದುಕಿನಲ್ಲಿ ಒಕ್ಕದ, ಅಂದರೆ ಒಂದೇ ಮೂಲದ ಮನೆತನದ, ಸ್ಥಾನ ತಿಳಿದಿರಬೇಕು. ಒಕ್ಕದ ಮೂಲಮನೆಯಾದ ಐನ್‌ಮನೆಯ ನಡುಕೋಣೆ ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪ ಹಚ್ಚುವುದು, ಪೂರ್ವಜರಾದ ಗುರು ಕಾರಣರಿಗೆ ಕಾರಣ ಕೊಡುವುದು (ಎಡೆ ಇಡುವುದು), ವಂಶಪಾರಂಪರ್ಯದ ಜಮ್ಮಾ ಭೂಮಿಯಲ್ಲಿ ಒಕ್ಕದವರೆಲ್ಲ ಕೂಡಿ ದುಡಿಯುವುದು, ಇವು ಬೇರೆ ಬೇರೆ ವಿಷಯಗಳಲ್ಲ. ಒಂದರಿಂದ ಹೊರಬಿದ್ದವನಿಗೆ ಉಳಿದವುಗಳೊಂದಿಗಿನ ನಂಟೂ ಕಳಚುತ್ತದೆ. ಹೀಗಾಗಿ ಕೊಡವರಲ್ಲಿ ಸೋಮಯ್ಯನ ಹಿಂದೆ ನಡೆದವರು ಬೆರಳೆಣಿಕೆಯಷ್ಟು ಮಂದಿ. ಅದನ್ನು ಅವರ ಹಟಮಾರಿತನವೆಂದು ಬಣ್ಣಿಸುವುದು ಅನ್ಯಾಯ.

ಹೊಸ ವಿಶ್ವಾಸದ ಕಡೆಗೆ ಬಂದವರು ಬೇರೆಯವರು. ಗದ್ದೆಯ ಜೊತೆಗೋ ಮನೆತನದ ಜೊತೆಗೋ ತಲೆಮಾರುಗಳಿಂದ ಕಟ್ಟುಬಿದ್ದಿದ್ದ ಹೊಲೆಯ ಸಮುದಾಯದ ಜೀತದಾಳುಗಳು ಅವರು. ಅವರಿಗಾಗಿ 1850ರ ದಶಕದ ಕೊನೆಯ ವರ್ಷಗಳಲ್ಲಿ ಮೋಗ್ಲಿಂಗ್ ಕಟ್ಟಿದ ಊರೇ ಆನಂದಪುರ. ಆಳಾಗಿ ಹುಟ್ಟಿದವನಿಗೆ ಸ್ವಂತದ ಮನೆ, ಮಗುವಿಗೆ ಅಕ್ಷರ, ಭಾನುವಾರ ಬಿಡುವು: ಇವನ್ನು ಆಮಿಷವೆಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ, ಏಕೆಂದರೆ ಮನುಷ್ಯನನ್ನು ಮನುಷ್ಯನೆಂದು ಕಂಡ ಮೊದಲ ಧ್ವನಿಯನ್ನು ದೇವರ ಧ್ವನಿಯೆಂದು ಒಬ್ಬರು ಕೇಳಿಸಿಕೊಂಡರೆ ಅದರಲ್ಲಿ ಮೋಸವೇನಿಲ್ಲ. ಹಾಗೆಂದು ತೊಡಕಿರಲಿಲ್ಲವೆಂದೂ ಅಲ್ಲ. ಭೂಮಿ ಕೊಡುವವನೂ ಕೆಲಸ ಕೊಡುವವನೂ ಬೋಧಿಸುವವನೂ ಒಬ್ಬನೇ ಆದಾಗ, ಬಂದವನ ಒಪ್ಪಿಗೆಯಲ್ಲಿ ವಿಶ್ವಾಸವೆಷ್ಟು, ಹಂಗೆಷ್ಟು ಎಂಬುದು ಅವನಿಗೇ ಸ್ಪಷ್ಟವಾಗದೆ ಹೋಗಬಹುದು. ಅಂದಿನ ಪ್ರಶ್ನೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ಮೋಗ್ಲಿಂಗ್ 1860ರಲ್ಲಿ ಭಾರತ ಬಿಟ್ಟರು. ಮಡಿಕೇರಿಯಲ್ಲಿ ಕೆಲಕಾಲವಿದ್ದ ಕಿಟೆಲ್, ಯೇಸುವಿನ ಚರಿತೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೇಳಲು ಶ್ರಮಿಸಿದವರು. 1894ರ ಅವರ ನಿಘಂಟಿನ ಹಿಂದೆಯೂ ಇದೇ ಹಂಬಲವಿತ್ತು. ಕೇಳುವವನ ಮಾತನ್ನು ಕಲಿಯದೆ ಅವನಿಗೆ ದಾರಿ ತೋರಲಾಗದು ಎಂಬುದನ್ನು ಈ ಜರ್ಮನರು ತಿಳಿದಿದ್ದರು. ಆದರೂ ಅವರಿದ್ದಾಗಿನ ಕಾಲಕ್ಕಿಂತ ಅವರಿಲ್ಲದ ಕಾಲವೇ ಹೆಚ್ಚಿನದನ್ನು ಕಲಿಸುತ್ತದೆ. 1914ರಲ್ಲಿ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟು, ಆಮೇಲೆ ದೇಶದಿಂದ ಹೊರಗೆ ಕಳುಹಿಸಿತು. ಸಭೆಗಳ ಹೊಣೆ ಇಲ್ಲಿನ ಸಭಾಪಾಲಕರ, ಹಿರಿಯರ, ಉಪದೇಶಿಗಳ ಹೆಗಲಿಗೆ ಬಿತ್ತು. ಸಭೆಗಳು ಚದುರಿಹೋಗಲಿಲ್ಲ. 1947ರ ಸೆಪ್ಟೆಂಬರ್ 27ರಂದು ಹಲವು ಪ್ರೊಟೆಸ್ಟಂಟ್ ಸಭೆಗಳು ಒಂದಾಗಿ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ರೂಪುಗೊಂಡಿತು. ಕೊಡಗಿನ ಆ ಸಭೆಗಳು ಇಂದು ಅದರ ಮಂಗಳೂರು ಕೇಂದ್ರದ ಧರ್ಮಪ್ರಾಂತಕ್ಕೆ ಸೇರಿವೆ.

1854ರಿಂದೀಚೆ ಯುರೋಪಿಯನ್ನರ ಕಾಫಿ ತೋಟಗಳು ಹಬ್ಬಿದಂತೆ ತಮಿಳರು, ಮಲಯಾಳಿಗಳು, ಮೈಸೂರು ಸೀಮೆಯವರು ಕೆಲಸಕ್ಕೆ ಬಂದರು. ಅವರಲ್ಲಿ ಕ್ರೈಸ್ತರೂ ಇದ್ದರು. ಮೈಸೂರು ಧರ್ಮಪ್ರಾಂತಕ್ಕೆ ಸೇರಿದ ಕೆಥೋಲಿಕ ಚರ್ಚುಗಳಲ್ಲಿ ಲ್ಯಾಟಿನ್ ಬಲಿಪೂಜೆ ನಡೆಯುತ್ತಿದ್ದ ಕಾಲದಲ್ಲಿ ಲೈನ್ ಮನೆಗಳ, ಅಂದರೆ ತೋಟದ ಆಳುಗಳ ಸಾಲುಮನೆಗಳ, ಜನರಿಗೆ ಅರ್ಥವಾಗುತ್ತಿದ್ದ ಭಾಗವೆಂದರೆ ಉಪದೇಶಿ ಹೇಳಿಕೊಡುತ್ತಿದ್ದ ಜಪ ಮತ್ತು ಕಥೆ. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ ಜನರ ಭಾಷೆಗೆ ಪೂಜಾಪೀಠದಲ್ಲಿ ಜಾಗ ಕೊಟ್ಟಿತು. ಅದೇ ಮಹಾಸಭೆ 1965ರಲ್ಲಿ ಇನ್ನೊಂದು ಮಾತನ್ನು ಸ್ಪಷ್ಟವಾಗಿ ಬರೆದಿಟ್ಟಿತು: ಯಾರನ್ನೂ ಬಲವಂತದಿಂದಾಗಲಿ ಅಯೋಗ್ಯ ಉಪಾಯಗಳಿಂದಾಗಲಿ ವಿಶ್ವಾಸಕ್ಕೆ ಸೆಳೆಯಕೂಡದು. ಪ್ರಾಯಕ್ಕೆ ಬಂದವರು ದೀಕ್ಷಾಸ್ನಾನ ಕೇಳಿದರೆ ಅವರ ಸ್ವಂತ ಇಚ್ಛೆ ಪ್ರಕಟವಾಗಿರಬೇಕು, ಸಾಕಷ್ಟು ಉಪದೇಶ ಪಡೆದಿರಬೇಕು, ಆ ಬದುಕಿನಲ್ಲಿ ಪರೀಕ್ಷಿತರಾಗಿರಬೇಕು ಎನ್ನುತ್ತದೆ ಧರ್ಮಸಭೆಯ ಕಾನೂನು.

ದೇಶದ ಕಾನೂನೂ ಇದೇ ಗೆರೆಯ ಮೇಲೆ ನಡೆದಿದೆ. ಸಂವಿಧಾನದ 25ನೇ ವಿಧಿ ಧರ್ಮವನ್ನು ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಕೊಡುತ್ತದೆ. 1977ರಲ್ಲಿ ಸುಪ್ರೀಂ ಕೋರ್ಟ್, ಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದಿತು. ಕರ್ನಾಟಕದಲ್ಲಿ 2022ರಲ್ಲಿ ಬಂದ ಮತಾಂತರ ಸಂಬಂಧಿ ಕಾಯ್ದೆಯನ್ನು ಹಿಂಪಡೆಯಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಈ ಕಾಯ್ದೆ ಉಪದೇಶಿಗಳಲ್ಲಿ ಭಯ ಹುಟ್ಟಿಸಿದ್ದು ನಿಜ. ಆದರೂ ಒಬ್ಬರನ್ನು ಮತಾಂತರಿಸುವುದು ತಮ್ಮ ಕೈಯಲ್ಲಿಲ್ಲ ಎಂಬ ಮಾತಿಗೆ ಅನುಭವಿ ಉಪದೇಶಿಗಳು ಯಾವ ಕಾಲಕ್ಕೂ ತಕರಾರು ಎತ್ತಿದವರಲ್ಲ. ಅವರ ಲೆಕ್ಕದಲ್ಲಿ ಅದು ದೇವರಿಗೂ ಆ ಮನುಷ್ಯನಿಗೂ ಸೇರಿದ ವಿಚಾರ. ತಮ್ಮದು ಜೊತೆಗಿರುವ ಕೆಲಸ.

ಈಗ ಕೊಡಗಿನ ತೋಟಗಳಿಗೆ ಅಸ್ಸಾಂ, ಜಾರ್ಖಂಡ್‌ಗಳಿಂದ ಕಾರ್ಮಿಕರು ಬರುತ್ತಿದ್ದಾರೆ. ಕಳೆದ ಮಳೆಗಾಲದ ಒಂದು ಸಂಜೆ ಒಬ್ಬ ಹಿರಿಯ ಉಪದೇಶಿಯ ಜೊತೆ ನಾನೂ ಲೈನ್ ಮನೆಯೊಂದಕ್ಕೆ ಹೋಗಿದ್ದೆ. ಕರೆಂಟ್ ಇರಲಿಲ್ಲ. ಬಾಗಿಲ ಬಳಿ ಇಂಬಳಕ್ಕೆ ಉಪ್ಪು ಹಾಕಿ ಬೂಟು ಬಿಚ್ಚಿಟ್ಟು ಒಳಗೆ ಹೋದರೆ, ಒಲೆಯ ಬೆಳಕಿನಲ್ಲಿ ಏಳೆಂಟು ಜನ ಗೋಣಿಯ ಮೇಲೆ ಕೂತಿದ್ದರು. ಉಪದೇಶಿ ಕನ್ನಡದಲ್ಲಿ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ಆರಂಭಿಸಿದರು. ಯಾರೂ ಜೊತೆಗೂಡಲಿಲ್ಲ. ಅವರು ನಿಲ್ಲಿಸಿ, ಎದುರಿಗಿದ್ದ ಜಾರ್ಖಂಡಿನ ಹುಡುಗಿಗೆ ಕೈಸನ್ನೆಯಲ್ಲೇ ‘ನೀನು ಹೇಳಮ್ಮ’ ಎಂದರು. ಅವಳು ತನ್ನ ಮಾತಿನಲ್ಲಿ ಅದೇ ಪ್ರಾರ್ಥನೆ ಶುರು ಮಾಡಿದಳು, ಉಳಿದವರು ದನಿಗೂಡಿಸಿದರು. ಮುಗಿದ ಮೇಲೆ ಉಪದೇಶಿ ಜೇಬಿನಿಂದ ಪುಟ್ಟ ಪುಸ್ತಕ ತೆಗೆದು, ಮೊದಲ ಸಾಲನ್ನು ಇನ್ನೊಮ್ಮೆ ನಿಧಾನವಾಗಿ ಹೇಳಿಸಿಕೊಂಡು, ಕನ್ನಡ ಅಕ್ಷರಗಳಲ್ಲಿ ಬರೆದುಕೊಂಡರು. ಮುಂದಿನ ಶನಿವಾರಕ್ಕೆ ಅಷ್ಟನ್ನಾದರೂ ಕಲಿತು ಬರುತ್ತೇನೆಂದು ಅವಳಿಗೆ ಹೇಳಿದರು.